ಸಾಹೇಬರಿಗೆ ಬಾರಿಸಿದ್ದು

ಎಲ್ಲಕ್ಕೂ ಮೂಲ ಒಂದು ರಟ್ಟಿನ ಡಬ್ಬಿ. ಅದರೊಳಗೆ ಎರಡು ಕೋಲುಗಳಿದ್ದವು. ಡ್ರಮ್ ಬಾರಿಸುವ ಕೋಲುಗಳು. ಡ್ರಮ್ ಮಾತ್ರ ಇರಲಿಲ್ಲ.

"ಡ್ರಮ್ ಎಲ್ಲಿ ಸಾರ್?" ಎಂದು ತಾಳಪ್ಪ ಡಬ್ಬಿಯ ತಳ ತಡಕಿದ.

"ಇದಕ್ಕೆ ಡ್ರಮ್ ಬೇಡ," ಎಂದರು ಮ್ಯಾನೇಜರ್. "ಸುಮ್ನೆ ಗಾಳೀಲಿ ಹೊಡಿ, ಸದ್ದು ಆ ಸ್ಪೀಕರ್‌ನಿಂದ ಬರುತ್ತೆ. ಯಾವ ಸದ್ದು ಬೇಕೋ ಅದನ್ನ ನನ್ನ ಫೋನಲ್ಲಿ ಆರಿಸ್ಕೊಳ್ಳೋದು. ಎಲೆಕ್ಟ್ರಾನಿಕ್ಕು."

ತಾಳಪ್ಪ ಒಂದು ಕೋಲನ್ನು ಹಾವಿನ ಬಾಲ ಹಿಡಿದವನಂತೆ ಎತ್ತಿ ಗಾಳಿಗೆ ಮೆಲ್ಲನೆ ಒಂದು ಏಟು ಕೊಟ್ಟ. ಕೋಣೆಯ ಮೂಲೆಯಲ್ಲಿದ್ದ ಸ್ಪೀಕರ್ ‘ಧಡ್’ ಎಂದಿತು. ಏಟು ಬೀಳುವುದು ಒಂದು ಕಡೆ, ಅಳುವುದು ಇನ್ನೊಂದು ಕಡೆ. ಈ ಏರ್ಪಾಡು ಅವನಿಗೆ ಹೊಸದಲ್ಲ. ಆ ಶರ್ಟಿನ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಇಸ್ತ್ರಿ ಹಾಕಿದವನು ಅವನು.

ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಪ್ರತಿ ವರ್ಷ ಅವನು ಮ್ಯಾನೇಜರ ಮೇಜಿನ ಮುಂದೆ ನಿಂತು "ನನ್ನ ಖಾಯಂ ಮಾಡಿ ಸಾರ್" ಅನ್ನುವುದು, ಅವರು ತಲೆಯೆತ್ತದೆ "ತಾಳಪ್ಪಾ" ಅನ್ನುವುದು. ಹನ್ನೊಂದು ವರ್ಷ ಇದನ್ನೇ ಕೇಳಿಸಿಕೊಂಡ ಜನ ಅವನ ಹೆಸರೇ ಅದು ಎಂದು ತೀರ್ಮಾನಿಸಿದರು. ಹೆಸರು ಒಪ್ಪುವಂತೆಯೂ ಇತ್ತು. ಶಾಲೆಯ ಪರೇಡಿನಲ್ಲಿ ಡ್ರಮ್ ಹೊಡೆದಿದ್ದ ಅವನ ಬೆರಳುಗಳು ಇಸ್ತ್ರಿಯ ಮೇಜಿನ ಮೇಲೂ ಸುಮ್ಮನಿರುತ್ತಿರಲಿಲ್ಲ.

"ಸಾಹೇಬರು ಹನ್ನೊಂದಕ್ಕೆ ಬರ್ತಾರೆ, ಹೊಸ ಹೊಲಿಗೆ ಲೈನಿನ ಉದ್ಘಾಟನೆ," ಎಂದರು ಮ್ಯಾನೇಜರ್. "ನೀನು ಬಾರಿಸ್ಬೇಕು. ಬಲಗೈ ಕೋಲಿಗೆ ಡ್ರಮ್ ಇಟ್ಟಿದೀನಿ, ಎಡಗೈಗೆ ಚಪ್ಪಾಳೆ."

"ಚಪ್ಪಾಳೆನಾ ಸಾರ್?"

"ಹೋದ ಸಲ ಸಾಹೇಬರು ಮುಕ್ಕಾಲು ಗಂಟೆ ಮಾತಾಡಿದ್ರು. ಚಪ್ಪಾಳೆ ಹೊಡೆದೋನು ನಾನೊಬ್ನೇ. ಜನಾನ ನಂಬ್ಕೊಂಡ್ರೆ ಮಾನ ಹೋಗುತ್ತೆ ಕಣಯ್ಯ."

ಹೀಗೆ ಹೇಳಿ ಅವರು ಡ್ರಾಯರ್ ಎಳೆದು ಒಂದು ಹಾಳೆ ತೋರಿಸಿದರು. ತಾಳಪ್ಪನ ನಿಜವಾದ ಹೆಸರು, ಅದರ ಮುಂದೆ ‘ಖಾಯಂ’ ಎಂಬ ಶಬ್ದ, ಕೆಳಗೆ ಸಹಿಗೆ ಜಾಗ. ಆ ಖಾಲಿ ಜಾಗವನ್ನು ಅವನು ಹಸಿದವನು ಬಾಣಲೆ ನೋಡಿದಂತೆ ನೋಡಿದ.

"ಸಾಹೇಬರಿಗೆ ಖುಷಿ ಆದ್ರೆ ಊಟಕ್ಕೆ ಮುಂಚೆ ಸಹಿ. ಆದ್ರೆ ಇದು ಸರ್ಪ್ರೈಸು. ಹೊರಗೆ ಯಾರ ಹತ್ರ ಬಾಯಿ ಬಿಟ್ರೂ ಇದನ್ನ ಇಲ್ಲೇ ಹರಿದು ಹಾಕ್ತೀನಿ. ಹೆಂಡ್ತಿ ಹತ್ರಾನೂ."

ಹೆಂಡತಿ ಅದೇ ಕಾರ್ಖಾನೆಯ ಚೆಕಿಂಗ್ ಮೇಜಿನಲ್ಲಿದ್ದಳು. ಅವಳು ಖಾಯಂ. ಅಂಗಿಗಳ ತಪ್ಪು ಹುಡುಕುವುದು ಅವಳ ಕೆಲಸ. ಮನೆಗೆ ಹೋದ ಮೇಲೂ ಆ ಕೆಲಸಕ್ಕೆ ಬಿಡುವಿರಲಿಲ್ಲ. ಕೋಲುಗಳನ್ನು ಅಂಗಿಯೊಳಗೆ ಬೆನ್ನಿಗೆ ಸಿಕ್ಕಿಸಿಕೊಂಡು ಸೆಟೆದು ಬರುತ್ತಿದ್ದ ಗಂಡನನ್ನು ಅವಳು ತಡೆದು ನಿಲ್ಲಿಸಿದಳು.

"ಯಾಕ್ರೀ ಕರೆದಿದ್ದು? ತೆಗೆದು ಹಾಕಿದ್ರಾ?"

"ಏನಿಲ್ಲ ಬಿಡೆ."

"ಏನಿಲ್ಲ ಅಂದ್ರೆ ಮುಖ ಯಾಕೆ ಹಿಂಡಿದ ಬಟ್ಟೆ ಥರ ಇದೆ? ನಿಮ್ಮನ್ನ ಯಾರೂ ಖಾಯಂ ಮಾಡ್ಕೊಳ್ಳಲ್ಲ ಅಂತ ಗೊತ್ತಿದ್ದೂ ನಾನೊಬ್ಳು ಮಾಡ್ಕೊಂಡೆ ನೋಡಿ."

ತಾಳಪ್ಪನಿಗೆ ಬಾಯಿ ತುದಿಗೆ ಬಂದದ್ದನ್ನು ನುಂಗುವುದು ಕಷ್ಟವಾಯಿತು. "ಇವತ್ತು ಎರಡರಲ್ಲೊಂದು ತೀರ್ಮಾನ ಆಗುತ್ತೆ," ಎಂದಷ್ಟೇ ಹೇಳಿ ಗೋಡೌನಿನ ಕಡೆ ನಡೆದ. ಅವನ ಬಾಯಲ್ಲಿ ಇಂಥ ಮಾತು ಎಂದೂ ಕೇಳದ ಹೆಂಡತಿ ಕೈಯಲ್ಲಿದ್ದ ಅಂಗಿಯ ಹರಕನ್ನೂ ನೋಡದೆ ಪಾಸು ಮಾಡಿಬಿಟ್ಟಳು.

ಗೋಡೌನಿನಲ್ಲಿ ರಟ್ಟಿನ ಪೆಟ್ಟಿಗೆಗಳ ನಡುವೆ ಅಭ್ಯಾಸ ಶುರುವಾಯಿತು. ಮ್ಯಾನೇಜರ್ ಸ್ಪೀಕರನ್ನೂ ಫೋನನ್ನೂ ಮೊದಲೇ ಅಲ್ಲಿಗೆ ಕಳಿಸಿದ್ದರು. ಕೋಲುಗಳು ಭಾರಿ ಚುರುಕು. ಏಟು ಯಾವುದು, ಅಲುಗಾಟ ಯಾವುದು ಎಂಬ ಭೇದವಿಲ್ಲ. ಬೆವರು ಒರೆಸಿಕೊಂಡರೆ ಧಡ್. ಕಿವಿ ತುರಿಸಿಕೊಂಡರೆ ಚಟಾರ್. ಸೀನು ಬಂತು, ಸೀನಿಗೆ ಮುಂಚೆ ಎರಡು, ಸೀನಿದ ಮೇಲೆ ನಾಲ್ಕು.

ಬಾಗಿಲು ತಳ್ಳಿಕೊಂಡು ಸೂಪರ್‌ವೈಸರ್ ಬಂದ. ಯಾರು ಎಷ್ಟು ಹೊತ್ತು ಪಾಯಿಖಾನೆಯಲ್ಲಿದ್ದರು ಎಂಬುದನ್ನೂ ಕೊರಳಲ್ಲಿ ನೇತುಹಾಕಿಕೊಂಡ ಗಡಿಯಾರದಲ್ಲಿ ಅಳೆದು ಬರೆಯುತ್ತಿದ್ದ ಅವನನ್ನು ಜನ ‘ಸ್ಟಾಪ್‌ವಾಚು’ ಎಂದೇ ಕರೆಯುತ್ತಿದ್ದರು. ತಾಳಪ್ಪ ಕೋಲುಗಳನ್ನು ಬೆನ್ನ ಹಿಂದೆ ಹಿಡಿದ.

"ಏನದು ಸದ್ದು?"

"ಪೆಟ್ಟಿಗೆ ಬಿತ್ತು ಸಾರ್." ಹೇಳುವಾಗ ಎಡಗೈಯ ಕೋಲು ಜಾರಿತು. ಪೆಟ್ಟಿಗೆಗಳ ಹಿಂದಿನಿಂದ ‘ಚಟಾರ್’ ಎಂದಿತು.

"ಇದು?"

"ಸೊಳ್ಳೆ ಸಾರ್."

ಸ್ಟಾಪ್‌ವಾಚು ಸೊಳ್ಳೆಗೆ ತಗಲಿದ ಸಮಯ ಬರೆದುಕೊಂಡು ಹೋದ. ಹೋಗುತ್ತ ಲೈನಿನಲ್ಲಿ, "ತಾಳಪ್ಪಂಗೆ ತಲೆ ಕೆಟ್ಟಿದೆ. ಗೋಡೌನಲ್ಲಿ ಒಬ್ನೇ ಗುದ್ದಾಡ್ತಾ ಇದಾನೆ," ಎಂದು ಬಿತ್ತಿ ಹೋದ. ಹತ್ತು ನಿಮಿಷದಲ್ಲಿ ಅದು ಮೊಳೆಯಿತು. ಮ್ಯಾನೇಜರ್ ಅವನನ್ನು ಕರೆದು ತೆಗೆದು ಹಾಕಿದ್ದಾರಂತೆ. ಎರಡರಲ್ಲೊಂದು ತೀರ್ಮಾನ ಮಾಡ್ತೀನಿ ಅಂದಿದ್ದಾನೆ. ಈಗ ಗುದ್ದುವುದನ್ನು ಅಭ್ಯಾಸ ಮಾಡುತ್ತಿದ್ದಾನೆ.

ಸಾಹೇಬರು ಹನ್ನೊಂದಕ್ಕೆ ಬಂದರು. ಹೊಸ ಲೈನಿನ ಬಾಗಿಲಲ್ಲಿ ನಿಂತು ಒಳಗೆ ಒಂದು ಉಸಿರು ಎಳೆದುಕೊಂಡರು. ಮೊಳೆ ಹೊಡೆದು ಮುಚ್ಚಿದ ಕಿಟಕಿಗಳು, ಇಸ್ತ್ರಿಯ ಹಬೆ, ಇನ್ನೂರು ಜನರ ಬೆವರು. ಎಳೆದುಕೊಂಡ ಉಸಿರನ್ನು ಅಲ್ಲೇ ಹಿಂದಕ್ಕೆ ಕೊಟ್ಟು, "ಉದ್ಘಾಟನೆ ಮೇಲ್ಗಡೆ ಎ.ಸಿ. ರೂಮಲ್ಲೇ ಮಾಡೋಣ," ಎಂದರು. ರಿಬ್ಬನ್ನು, ಕತ್ತರಿ, ಸ್ಪೀಕರು, ತಾಳಪ್ಪ ಎಲ್ಲ ಮಹಡಿ ಹತ್ತಿದವು. ಲೈನು ಮಾತ್ರ ಕೆಳಗೇ ಉಳಿಯಿತು.

ರಿಬ್ಬನ್ನು ಕತ್ತರಿಸುವ ಹೊತ್ತಿಗೆ ತಾಳಪ್ಪ ಕೋಲು ಎತ್ತಿದ. ಪರೇಡಿನ ತಾಳ ನೆನಪಿಗೆ ಬರಲಿಲ್ಲ. ಹನ್ನೊಂದು ವರ್ಷದಲ್ಲಿ ಕೈಗೆ ಗೊತ್ತಿದ್ದ ತಾಳ ಒಂದೇ, ಇಸ್ತ್ರಿಯದು. ಹಾಸು, ಒತ್ತು, ತೆಗೆ. ಧಡ್, ಧಡ್, ಚಟಾರ್. ಕಣ್ಣು ಮುಚ್ಚಿ ಅದನ್ನೇ ಬಾರಿಸಿದ. ಸಾಹೇಬರ ಕಾಲು ತಾನಾಗಿ ಕುಣಿಯತೊಡಗಿತು. "ಇನ್ನೊಂದ್ಸಲ," ಎಂದರು. ಸಾಹೇಬರ ಖುಷಿಗೆ ಯಾರೂ ಅಡ್ಡ ಬರಬಾರದೆಂದು ಮ್ಯಾನೇಜರ್ ಮೇಜಿನ ಮೇಲಿದ್ದ ಮೈಕಿನಲ್ಲಿ ಇಡೀ ಲೈನಿಗೆ ಹೇಳಿದರು:

"ಎಲ್ಲರೂ ಗಮನ ಇಟ್ಟು ಕೇಳಿ. ತಾಳಪ್ಪ ಸಾಹೇಬರಿಗೆ ಬಾರಿಸ್ತಾ ಇದಾನೆ. ಯಾರೂ ಮೇಲೆ ಬರಬೇಡಿ."

ಕೆಳಗೆ ಇನ್ನೂರು ಜನರ ಕೈಗಳು ಗಾಳಿಯಲ್ಲೇ ನಿಂತವು. ಒಂದೊಂದೇ ಯಂತ್ರ ಬಾಯಿ ಮುಚ್ಚಿತು. ಆ ಮೌನದಲ್ಲಿ ಮಹಡಿಯಿಂದ ಸ್ಪಷ್ಟವಾಗಿ ಇಳಿದು ಬಂತು: ಧಡ್, ಧಡ್, ಚಟಾರ್. ಎರಡು ಗುದ್ದು, ಒಂದು ಕಪಾಳಮೋಕ್ಷ. ಮತ್ತೆ ಎರಡು ಗುದ್ದು, ಮತ್ತೊಂದು.

ಟೀ ಕೊಡಲು ಹೋಗಿದ್ದ ಕ್ಯಾಂಟೀನ್ ಅಕ್ಕ ಖಾಲಿ ಟ್ರೇ ಎದೆಗವಚಿಕೊಂಡು ಮೆಟ್ಟಿಲಿಳಿದು ಬಂದಳು. ಮಸುಕು ಗಾಜಿನ ಬಾಗಿಲಾಚೆ ಅವಳು ಕಂಡದ್ದು ಇಷ್ಟು: ಎರಡೂ ಕೈಯಲ್ಲಿ ಕೋಲೆತ್ತಿ ನಿಂತ ತಾಳಪ್ಪ, ಅವನ ಕಾಲ ಬಳಿ ಬಗ್ಗಿದ ಸಾಹೇಬರು. ಕುಣಿಯುವಾಗ ಕನ್ನಡಕ ಕೆಳಗೆ ಬಿದ್ದಿತ್ತು, ಸಾಹೇಬರು ಅದನ್ನು ಹುಡುಕುತ್ತಿದ್ದರು. ಕನ್ನಡಕ ಗಾಜಿನಾಚೆಗೆ ಕಾಣಲಿಲ್ಲ.

"ನಿಜ ಕಣ್ರೇ. ಸಾಹೇಬ್ರು ನೆಲ ಹಿಡಿದಿದಾರೆ. ಇವನು ಬಾರಿಸ್ತಾನೇ ಇದಾನೆ."

"ನನ್ನ ಗಂಡನಾ?" ಎಂದಳು ತಾಳಪ್ಪನ ಹೆಂಡತಿ. "ಅವರು ಹಾಸಿಗೇಲಿರೋ ತಿಗಣೆಗೂ ‘ಸ್ವಲ್ಪ ಆಚೆ ಹೋಗಪ್ಪ’ ಅನ್ನೋರು." ಆಮೇಲೆ ಅವಳು ಮುಂಗುರುಳನ್ನು ಕಿವಿಯ ಹಿಂದೆ ಸರಿಸಿದಳು. ಚೆಕಿಂಗ್ ಕತ್ತರಿಯನ್ನು ಮೇಜಿನ ಮೇಲೆ ಇಟ್ಟಳು. "ಒಬ್ರನ್ನೇ ಬಿಟ್ಟು ನೋಡ್ತಾ ನಿಂತಿದೀರಲ್ಲ, ನಾಚಿಕೆ ಆಗಲ್ವಾ ನಿಮಗೆ? ಇಳಿದು ಬರ್ತಾ ಪೊಲೀಸ್ನೋರ ಕೈಗೆ ಸಿಗ್ಲಿ ಅಂತಾನಾ?"

ಹನ್ನೊಂದು ವರ್ಷದಲ್ಲಿ ಆ ಜನ ಒಟ್ಟಾಗಿ ಎದ್ದದ್ದು ಕೆಲಸ ಬಿಡುವ ಗಂಟೆಗೆ ಮಾತ್ರ. ಈಗ ಗಂಟೆ ಹೊಡೆಯದೆ ಎದ್ದರು. ಬಾಗಿಲಲ್ಲಿ ಅಡ್ಡ ನಿಂತ ಸ್ಟಾಪ್‌ವಾಚನ್ನು ಹೊಳೆ ಹುಲ್ಲುಕಡ್ಡಿಯನ್ನು ಹೊತ್ತಂತೆ ಹೊತ್ತುಕೊಂಡೇ ಮೆಟ್ಟಿಲು ಹತ್ತಿದರು. ಪಾಯಿಖಾನೆಗೆ ಹೋದ ನಿಮಿಷಕ್ಕೂ ಸಂಬಳ ಹಿಡಿದುಕೊಂಡದ್ದು, ಹೊಟ್ಟೆಯಲ್ಲಿ ಮಗು ಹೊತ್ತವಳನ್ನು ಹಬೆಯ ಮುಂದೆ ನಿಲ್ಲಿಸಿದ್ದು, ಮೊಳೆ ಹೊಡೆದ ಕಿಟಕಿಗಳು, ಎಲ್ಲವೂ ಅವರ ಜೊತೆಯಲ್ಲೇ ಹತ್ತಿದವು.

ಸದ್ದು ಕೇಳಿ ಸಾಹೇಬರೇ ಬಾಗಿಲು ತೆರೆದರು. "ಏನಿದು?"

"ಬಾರಿಸಿದ್ದು ಸರಿಯಾಗಿದೆ," ಎಂದಳು ಕ್ಯಾಂಟೀನ್ ಅಕ್ಕ.

"ಇನ್ನೂ ಬಾರಿಸ್ಲಿ. ನಾವೆಲ್ಲ ಅವನ ಕಡೆ," ಎಂದಿತು ಹಿಂದಿನಿಂದ ಒಂದು ದನಿ.

"ಒಂದಿನಕ್ಕೆ ಸಾಲಲ್ಲ. ದಿನಾ ಬಾರಿಸ್ಬೇಕು."

ಸಾಹೇಬರ ಕಣ್ಣಂಚು ಒದ್ದೆಯಾಯಿತು. "ಇಷ್ಟೊಂದು ಇಷ್ಟ ಆಯ್ತಾ ನಿಮಗೆ?"

ಜನ ಮುಖ ಮುಖ ನೋಡಿಕೊಂಡರು. ಸಾಹೇಬರ ಕೆನ್ನೆ ಒಂದು ಏಟಿನ ಗುರುತೂ ಇಲ್ಲದೆ ಈಗಷ್ಟೇ ಇಸ್ತ್ರಿಯಾದ ಕಾಲರಿನಂತಿತ್ತು. ತಾಳಪ್ಪನ ಹೆಂಡತಿ ಗುಂಪು ಸೀಳಿ ಹೋಗಿ ಗಂಡನ ಕೈ ಹಿಡಿದಳು. ಹಾಗೆ ಹಿಡಿದು ಎಷ್ಟು ವರ್ಷವಾಗಿತ್ತೋ.

"ಕೈ ನೋವಾಯ್ತೇನ್ರೀ?"

"ಇಲ್ವೇ. ನಿಲ್ಸೋಣ ಅಂದ್ಕೊಂಡೆ, ಸಾಹೇಬರೇ ಇನ್ನೊಂದ್ಸಲ ಇನ್ನೊಂದ್ಸಲ ಅಂತ ಕೇಳಿ ಬಾರಿಸ್ಕೊಂಡ್ರು." ಹೇಗೆಂದು ತೋರಿಸಲು ಅವನು ಕೋಲುಗಳನ್ನು ಗಾಳಿಯಲ್ಲಿ ಆಡಿಸಿದ. ಮೂಲೆಯ ಸ್ಪೀಕರ್ ಧಡ್, ಧಡ್, ಚಟಾರ್ ಎಂದಿತು.

ಇನ್ನೂರು ಮುಖಗಳು ಕರೆಂಟು ಹೋದ ಇಸ್ತ್ರಿ ಪೆಟ್ಟಿಗೆಗಳಂತೆ ಮೆಲ್ಲನೆ ತಣ್ಣಗಾದವು. "ಇಷ್ಟೇನಾ," ಎಂದಳು ಕ್ಯಾಂಟೀನ್ ಅಕ್ಕ. ಹೆಂಡತಿ ಕೈ ಬಿಟ್ಟಳು.

"ಕಾರ್ಮಿಕರು ಕೇಳಿದ್ದಕ್ಕೆ ನಾನು ಯಾವತ್ತಾದ್ರೂ ಇಲ್ಲ ಅಂದಿದೀನಾ?" ಎಂದು ಸಾಹೇಬರು ಕೈಯೆತ್ತಿದರು. "ದಿನಾ ಬಾರಿಸ್ಬೇಕು ಅಂದ್ರಿ. ಒಪ್ಪಿದೀನಿ. ನಾಳೆವರೆಗೂ ಯಾಕೆ, ಇವತ್ತಿಂದಾನೇ."

ತಾಳಪ್ಪನ ಎದೆ ಕೋಲಿಲ್ಲದೆಯೇ ಬಡಿಯತೊಡಗಿತು. ದಿನಾ ಬಾರಿಸುವವನನ್ನು ಖಾಯಂ ಮಾಡದೆ ಹೇಗಿರುತ್ತಾರೆ? ಮ್ಯಾನೇಜರ್ ಹಾಳೆ ಹಿಡಿದು ಮುಂದೆ ಬಂದರು. ಸಾಹೇಬರು ಜೇಬಿನಿಂದ ಪೆನ್ನನ್ನೂ ತೆಗೆದರು. ಆಗ ಅಂಗಿಯ ಗುಂಡಿ ಕಿತ್ತುಹೋಗಿದ್ದ ಸ್ಟಾಪ್‌ವಾಚು ಜನರ ಸಂದಿಯಿಂದ ತಲೆ ತೂರಿಸಿದ.

"ಸಾರ್, ಒಂದ್ನಿಮಿಷ. ಇದು ಇಸ್ತ್ರಿ ಹಾಕೋ ತಾಳ. ನಾನು ಗಡಿಯಾರ ಹಿಡಿದು ನೋಡಿದೆ, ಹನ್ನೆರಡು ಸುತ್ತು ತಾಳಕ್ಕೆ ಒಂದು ಶರ್ಟು ಮುಗಿಯುತ್ತೆ. ಇದನ್ನ ಲೈನಲ್ಲಿ ಹಾಕಿ ಸ್ವಲ್ಪ ಸ್ಪೀಡು ಮಾಡಿದ್ರೆ ಜನರ ಕೈ ತಾನಾಗೇ ಸ್ಪೀಡಾಗುತ್ತೆ."

ಸಾಹೇಬರ ಪೆನ್ನು ನಿಂತಿತು. "ಇವನು ದಿನವಿಡೀ ಬಾರಿಸ್ತಾ ನಿಂತ್ರೆ ಇವನ ಇಸ್ತ್ರಿ ಯಾರು ಹಾಕ್ತಾರೆ?"

"ಇವನು ನಿಲ್ಬೇಕಾಗೇ ಇಲ್ಲ ಸಾರ್," ಎಂದರು ಮ್ಯಾನೇಜರ್, ಕೈಯಲ್ಲಿದ್ದ ಹಾಳೆಯನ್ನು ಮರೆತು ಫೋನ್ ತೋರಿಸುತ್ತ. "ಈಗ ಬಾರಿಸಿದ್ದೆಲ್ಲ ಇದರಲ್ಲಿ ಸೇರಿದೆ. ಒಂದ್ಸಲ ಒತ್ತಿದ್ರೆ ಬಾರಿಸ್ತಾನೇ ಇರುತ್ತೆ, ರಜಾ ಕೇಳಲ್ಲ. ನೋಡಿ, ‘ಖಾಯಂ ಆಗಿ ಉಳಿಸಬೇಕೆ’ ಅಂತ ಅದೇ ಕೇಳ್ತಿದೆ."

"ಉಳಿಸಿ," ಎಂದರು ಸಾಹೇಬರು.

ಮ್ಯಾನೇಜರ್ ಒತ್ತಿದರು. ಅಷ್ಟು ಸುಲಭದ ಕೆಲಸ ಅದು.

"ಸಾರ್, ನಂದು?" ಎಂದ ತಾಳಪ್ಪ.

"ನಿಂದೇ ಕಣಯ್ಯ ಈಗ ಆಗಿದ್ದು," ಎಂದು ಮ್ಯಾನೇಜರ್ ಅವನ ಬೆನ್ನು ತಟ್ಟಿದರು.

ಮಧ್ಯಾಹ್ನದಿಂದ ಲೈನಿನಲ್ಲಿ ತಾಳ ಶುರುವಾಯಿತು. ಸ್ಟಾಪ್‌ವಾಚು ಅರ್ಧ ಗಂಟೆಗೊಮ್ಮೆ ಬಂದು ಫೋನಿನಲ್ಲಿ ಬೆರಳು ಸವರುವನು, ತಾಳ ಇನ್ನಷ್ಟು ವೇಗವಾಗುವುದು. ಇನ್ನೂರು ಬೆನ್ನುಗಳು ಇನ್ನಷ್ಟು ಬಾಗುವವು. ತಾಳಪ್ಪನ ಜೊತೆ ಯಾರೂ ಮಾತಾಡಲಿಲ್ಲ. ಅಂಗಿಯ ಕಟ್ಟು ತೆಗೆದುಕೊಳ್ಳಲು ಬಂದ ಹೆಂಡತಿ ಮಾತ್ರ ಒಂದು ಗಳಿಗೆ ನಿಂತಳು.

"ನಿಜವಾಗ್ಲೂ ಹೊಡೆದಿದ್ರೆ ಆರು ತಿಂಗಳು ಜೈಲಿಗೆ ಹೋಗ್ತಿದ್ರಿ," ಎಂದಳು. "ವಾರಕ್ಕೊಂದ್ಸಲ ತಲೆ ಎತ್ಕೊಂಡು ನೋಡೋಕೆ ಬರ್ತಿದ್ದೆ." ಆಮೇಲೆ ಕಟ್ಟು ಹೊತ್ತು ಧಡ್ ಧಡ್ ಎಂಬ ಸದ್ದಿಗೇ ಹೆಜ್ಜೆ ಹಾಕುತ್ತ ಹೋದಳು. ಬೇರೆ ಹೆಜ್ಜೆ ಹಾಕಲು ಅಲ್ಲಿ ಆಗುತ್ತಲೂ ಇರಲಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ತಾಳ ಓಡುತ್ತಿತ್ತು. ತಾಳಪ್ಪನ ಕೈ ಓಡಲಿಲ್ಲ. ಸ್ಟಾಪ್‌ವಾಚು ಬಂದು ಪಕ್ಕದಲ್ಲಿ ನಿಂತ.

"ಮೂರು ಶರ್ಟು ಹಿಂದೆ ಬಿದ್ದಿದೀಯ."

"ಸಾರ್, ಇದು ನಾನೇ ಬಾರಿಸಿದ್ದು."

"ಅದಕ್ಕೇ ಹೇಳ್ತಿರೋದು. ಬೇರೆಯೋರು ಬಾರಿಸಿದ್ದಕ್ಕೆ ಹಿಂದೆ ಬಿದ್ರೆ ಬಿಡಬಹುದಿತ್ತು. ನೀನು ಬಾರಿಸಿದ್ದಕ್ಕೆ ನೀನೇ ಹಿಂದೆ ಬಿದ್ರೆ ಬೇಕಂತ ಮಾಡ್ತಿದೀಯ ಅಂತಲೇ ಅರ್ಥ." ಅವನು ಒಂದು ಮೆಮೊ ಹರಿದು ಇಸ್ತ್ರಿ ಮೇಜಿನ ಮೇಲಿಟ್ಟ. "ಸಹಿ ಹಾಕು. ಮೆಮೊ ಬಿದ್ದೋರ ಸರ್ವಿಸು ಮತ್ತೆ ಮೊದಲಿಂದ. ಹಳೇ ಹನ್ನೊಂದು ವರ್ಷ ಮರೆತುಬಿಡು, ಇವತ್ತು ಕೆಲಸಕ್ಕೆ ಸೇರಿದೆ ಅಂದ್ಕೋ."

ತಾಳಪ್ಪ ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಬೆವರಿನ ಕೈಯನ್ನು ಅಂಗಿಗೆ ಒರೆಸಿಕೊಂಡು, ಯಾರೂ ಕರೆಯದ ಆ ನಿಜವಾದ ಹೆಸರನ್ನು ನೆನಪು ಮಾಡಿಕೊಂಡು, ನಿಧಾನವಾಗಿ ಸಹಿ ಹಾಕಿದ. ಪೆನ್ನು ಹಿಂದಕ್ಕೆ ಕೊಡುವಷ್ಟರಲ್ಲಿ ಸ್ಪೀಕರ್ ಇನ್ನೂ ಒಂದು ಶರ್ಟು ಮುಂದೆ ಹೋಗಿತ್ತು.