ಹಡಗಿಗೂ ಒಂದು ಬಿಂದಿಗೆ

"ಹಡಗೇ ಹೇಳಿದ ಹೊತ್ತಿಗೆ ಬರೋದು ಕಲೀತಂತೆ. ನಿಮಗೇನ್ರೀ ಬಂದಿರೋದು?"

ನನ್ನ ಹೆಂಡತಿ ನನಗೆ ಹೇಳಿದ ಕೊನೇ ಮಾತು ಇದು. ಸಾವಿಗೆ ಬಂದವರು ಕೇಳಿದರು, ಕೊನೇಲಿ ಏನಂದರು ಅಂತ. ಹೇಳಿದೆ. ಒಬ್ಬರು ಅಳೋದು ನಿಲ್ಲಿಸಿ ಕೇಳಿದರು, "ಯಾವ ಹಡಗು?"

ಅವರ ತಪ್ಪಲ್ಲ. ಕೋಲಾರದ ಕಡೆ ಸಮುದ್ರ ಎಲ್ಲಿದೆ. ಕೆರೆ ತುಂಬಿದರೇ ನಾವು ಸಂಸಾರ ಸಮೇತ ನೋಡೋಕೆ ಹೋಗ್ತೀವಿ. ಆದರೂ ನಮ್ಮ ಮನೇಲಿ ಹಡಗಿನ ಮಾತು ದಿನಾ ಇತ್ತು. ನಾನು ಕಂಟೇನರ್ ಗಾಡಿ ಓಡಿಸೋನು. ಮಾಲೂರಿನಲ್ಲಿ ಫ್ಯಾಕ್ಟರಿ ಮಾಲು ಹತ್ತಿಸಿಕೊಂಡು, ಕೋಲಾರ, ಮುಳಬಾಗಿಲು, ನಂಗಲಿ ದಾಟಿ, ತಮಿಳುನಾಡಿನ ಕಡೆ ಹಾರ್ಬರಿಗೆ ಹೋಗೋದು. ಅಲ್ಲಿ ಡಬ್ಬ ಹಡಗಿಗೆ ಏರುತ್ತೆ. ನಾನು ಮನೆಗೆ ಬರ್ತೀನಿ. ಈ ಲೈನಿನಲ್ಲಿ ಏನಾದರೊಂದು ತಮಾಷೆ ಆಗ್ತಾನೇ ಇರುತ್ತೆ. ಚಕ್ರ ತಿರುಗೋ ತನಕ ಅದೂ ನಿಲ್ಲಲ್ಲ. ಕೆಲವು ಬರೀತೀನಿ. ನಿಧಾನವಾಗಿ ಬರೀತೀನಿ. ಓದಿದ್ದು ಕಮ್ಮಿ.

೧. ಕಿಟಕಿ ಊಟ

ನಮ್ಮ ಮನೆ ನಂಗಲಿಯಲ್ಲಿ, ಹೈವೇ ಪಕ್ಕಕ್ಕೇ. ಹಾರ್ಬರಿಗೆ ಹೋಗುವಾಗ ನಮ್ಮ ಬಾಗಿಲ ಮುಂದೇನೇ ಹೋಗಬೇಕು. ನಿಲ್ಲಿಸ್ತಿರಲಿಲ್ಲ. ಹಾರ್ಬರ್ ಗೇಟಿನಲ್ಲಿ ಮೊದಲು ಬಂದವನಿಗೆ ಮೊದಲು. ನಾನು ನಿಂತರೆ ಹಿಂದಿನವನು ಮುಂದೆ ಹೋಗ್ತಾನೆ. ಹಿಂದಿನವನು ಯಾವಾಗಲೂ ಒಬ್ಬನೇ. ನನ್ನ ಷಡ್ಡಕ. ನನ್ನ ಹೆಂಡತಿಯ ತಂಗಿ ಗಂಡ. ಮುಳಬಾಗಿಲಿನವನು. ಅವನೂ ಕಂಟೇನರ್ ಗಾಡಿಯವನೇ.

ಅದಕ್ಕೆ ನನ್ನ ಹೆಂಡತಿ ರಸ್ತೆ ಬದಿ ಕಲ್ಲಿನ ಮೇಲೆ ಹತ್ತಿ ನಿಲ್ಲೋಳು. ಕೈಯಲ್ಲಿ ಊಟದ ಕ್ಯಾರಿಯರ್. ನಾನು ಗಾಡಿ ನಡಿಗೆಗೆ ಇಳಿಸಿ ಕೈ ಚಾಚ್ತಿದ್ದೆ. ಅವಳು ಕೊಡೋಳು. ಜೊತೆಗೆ ಒಂದು ಮಾತು.

"ಒಂದಿನ ಇಳಿದು ಬಂದು, ಕೂತು, ಬಿಸಿ ಮುದ್ದೆ ಉಂಡು ಹೋಗ್ರೀ."

"ನೋಡೋಣ ಕಣೇ."

ಅವಳಿಗಿದ್ದದ್ದು ಇದೊಂದೇ ಆಸೆ ಅಂತ ಹೇಳಿದರೆ ಸುಳ್ಳಾಗುತ್ತೆ. ಟಿವಿ ಕೇಳಿದಳು, ಬಂತು. ಮಿಕ್ಸಿ ಕೇಳಿದಳು, ಬಂತು. ಇದೊಂದು ಮಾತ್ರ ಬಂದಿರಲಿಲ್ಲ.

ಒಂದು ಸಲ ಕ್ಯಾರಿಯರ್ ಕೊಕ್ಕೆ ಬಿಟ್ಟುಕೊಂಡಿತು. ಮೇಲಿನ ಡಬ್ಬಿ ನನ್ನ ಕೈಗೆ ಬಂತು. ಕೆಳಗಿನ ಡಬ್ಬಿ ಗಾಳಿಗೆ ಹಾರಿತು. ಅವರೆಕಾಳಿನ ಸಾರು. ಹಿಂದೆ ಬರ್ತಿದ್ದ ಷಡ್ಡಕನ ಗಾಜಿಗೆ ಹೋಗಿ ಬಡೀತು. ಕನ್ನಡೀಲಿ ನೋಡಿದೆ. ವೈಪರ್ ಹಾಕಿದ. ಕಾಳು ಆ ಕಡೆ, ಈ ಕಡೆ. ಆದರೂ ಪುಣ್ಯಾತ್ಮ ಗಾಡಿ ನಿಲ್ಲಿಸಲಿಲ್ಲ.

ಹಾರ್ಬರಿನಲ್ಲಿ ಸಾಲಿನಲ್ಲಿ ನಿಂತ ಮೇಲೆ ನನ್ನ ಕಿಟಕಿ ಹತ್ತಿರ ಬಂದ. ಜಗಳಕ್ಕೆ ಬಂದ ಅಂದುಕೊಂಡೆ.

"ಅಣ್ಣಾ, ಅಕ್ಕನಿಗೆ ಹೇಳು. ಕಾಳು ಚೆನ್ನಾಗಿ ಬೆಂದಿತ್ತು. ಉಪ್ಪು ಒಂಚೂರು ಕಮ್ಮಿ."

೨. ಮಾಲೂರಿನಲ್ಲಿ ಸಮುದ್ರ

ಹಾಗೆ ಓಡಿ ಓಡಿ ಹೋಗಿ ಏನು ಮಾಡ್ತಿದ್ವಿ? ಗೇಟಿನ ಹೊರಗೆ ಕಾಯ್ತಿದ್ವಿ. ಹಗಲೆಲ್ಲಾ ಕಾಯ್ತಿದ್ವಿ. ಒಂದೊಂದು ಸಲ ಮಾರನೇ ದಿನವೂ ಕಾಯ್ತಿದ್ವಿ.

ಒಂದು ದಿನ ಟ್ರಾನ್ಸ್‌ಪೋರ್ಟ್ ಆಫೀಸಿನ ಮೇಡಂ ಎಲ್ಲಾ ಡ್ರೈವರುಗಳನ್ನೂ ಮಾಲೂರಿನ ಯಾರ್ಡಿನಲ್ಲಿ ಕೂರಿಸಿದರು. ಒಳ್ಳೆ ಹೆಣ್ಣುಮಗಳು. ಬಿಸ್ಕತ್ತು ಕೊಟ್ಟರು. ಆಮೇಲೆ ಹಡಗಿನ ವಿಷಯ ತೆಗೆದರು.

"ಹಡಗುಗಳೂ ನಿಮ್ಮ ಥರಾನೇ. ಜಾಗ ಮೊದಲು ನಮಗೇ ಸಿಗಲಿ ಅಂತ ಜೋರಾಗಿ ಬರ್ತವೆ. ಬಂದು ನೋಡಿದ್ರೆ ಒಳಗೆ ಬೇರೆ ಹಡಗು ನಿಂತಿರುತ್ತೆ. ಹೊರಗೆ ಸಮುದ್ರದಲ್ಲೇ ಲಂಗರು ಹಾಕಿ ಕಾಯ್ತವೆ. ಸುಟ್ಟ ಎಣ್ಣೆ ದಂಡ. ಬಿಟ್ಟ ಹೊಗೆ ಆಕಾಶಕ್ಕೆ."

ನಮಗೆಲ್ಲಾ ಖುಷಿ ಆಯಿತು. ಅಷ್ಟು ದಿನ ನಾವು ಮಾತ್ರ ಹುಚ್ಚರು ಅಂದುಕೊಂಡಿದ್ವಿ.

"ಹಡಗು ಒಂಚೂರು ನಿಧಾನ ಮಾಡಿದ್ರೂ ಎಣ್ಣೆ ಬಹಳ ಉಳಿಯುತ್ತೆ. ಹೊಗೇನೂ ಕಮ್ಮಿ. ಅದಕ್ಕೆ ಈಗ ಹಾರ್ಬರಿನವರು ಮೊದಲೇ ಹೇಳ್ತಾರೆ, ಇಂಥ ಹೊತ್ತಿಗೆ ನಿಮಗೆ ಜಾಗ ಬಿಡ್ತೀವಿ, ಅಷ್ಟೊತ್ತಿಗೆ ಬನ್ನಿ ಅಂತ. ಹಡಗು ದಾರೀಲೇ ಮೆಲ್ಲಗೆ ಬರುತ್ತೆ. ಇನ್ಮೇಲೆ ನಿಮಗೂ ಹಾಗೇ. ಫೋನಿಗೆ ಸ್ಲಾಟ್ ಬರುತ್ತೆ. ಆ ಹೊತ್ತಿಗೆ ಗೇಟಿಗೆ ಹೋದ್ರೆ ಸಾಕು."

ಷಡ್ಡಕ ಕೈ ಎತ್ತಿದ.

"ಮೇಡಂ, ಎಲ್ಲಾ ಹಡಗೂ ಮೆಲ್ಲಗೆ ಬರ್ತಿರುವಾಗ ಒಂದು ಮಾತ್ರ ಜೋರಾಗಿ ಬಂದು ಮುಂದೆ ನಿಂತ್ಕೊಂಡ್ರೆ?"

"ನಿಂತ್ಕೊಂಡ್ರೂ ಒಳಗೆ ಬಿಡಲ್ಲಪ್ಪ. ಮೆಲ್ಲಗೆ ಬಂದವರ ಜಾಗ ಅವರಿಗೇ ಇರುತ್ತೆ."

"ಹಾರ್ನ್ ಹೊಡೆದ್ರೂ?"

"ಹಾರ್ನ್ ಹೊಡೆದ್ರೂ."

ಷಡ್ಡಕ ಕೂತ. ನನ್ನ ಕಿವಿಗೆ ಬಗ್ಗಿ ಅಂದ, "ಅಣ್ಣಾ, ಈ ಸಮುದ್ರ ನಮಗಾಗಲ್ಲ."

೩. ಬಿಂದಿಗೆ

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಬಾಗಿಲಿನಿಂದ ಬೀದಿ ನಲ್ಲಿ ಕಡೆ ಕೈ ತೋರಿಸಿದಳು. ನಲ್ಲಿ ಮುಂದೆ ಬಿಂದಿಗೆಗಳು ಸಾಲಾಗಿ ಕೂತಿದ್ದವು. ಒಬ್ಬ ಹೆಂಗಸೂ ಇಲ್ಲ. ನಮ್ಮ ಬೀದೀಲಿ ಹಾಗೇ. ನೀರು ಯಾವಾಗ ಬರುತ್ತೋ ಗೊತ್ತಿಲ್ಲ. ಬಿಂದಿಗೆ ಇಟ್ಟು ಎಲ್ಲರೂ ಮನೆ ಕೆಲಸಕ್ಕೆ ಹೋಗ್ತಾರೆ. ನಲ್ಲಿ ಪಕ್ಕದ ಮನೆ ಅಜ್ಜಿ "ನೀಳ್ಳೊಚ್ಚಾಯೇ!" ಅಂತ ಕೂಗ್ತಾಳೆ, ನೀರು ಬಂತು ಅಂತ. ಆಗ ಹೋದರೆ ಸಾಕು. ಇನ್ನೊಬ್ಬರ ಬಿಂದಿಗೆ ಯಾರೂ ಮುಟ್ಟಲ್ಲ.

"ಹಡಗಿಗೂ ಬಿಂದಿಗೆ ಇಟ್ಟವ್ರೆ. ಅಷ್ಟೇ ತಾನೇ," ಅಂದಳು. "ಅದಕ್ಕೆ ಬಿಸ್ಕತ್ತು ಬೇರೆ ತಿಂದು ಬಂದ್ರಾ?"

ಈ ಮಾತು ಷಡ್ಡಕನಿಗೆ ಹೇಳಬಾರದಿತ್ತು. ಹೇಳಿದೆ. ಅವನು ನಮ್ಮ ಮನೆಯಿಂದ ಒಂದು ಬಿಂದಿಗೆ ಇಸ್ಕೊಂಡು ಹೋದ. ಸ್ಟೀಲಿನದು. ಹೊಸದು. ಹಾರ್ಬರ್ ಗೇಟಿನ ಲಾರಿ ಸಾಲಿನಲ್ಲಿ, ಕೊನೇ ಗಾಡಿ ಹಿಂದೆ ಅದನ್ನ ಇಟ್ಟ. ತನ್ನ ಗಾಡಿ ದೂರದಲ್ಲಿ ಮರದ ನೆರಳಿಗೆ ಹಾಕಿ ಟೀ ಕುಡಿಯೋಕೆ ಹೋದ.

ಬೇರೆ ಊರಿನ ಡ್ರೈವರಿಗೆ ನಂಗಲಿ ನಲ್ಲಿಯ ಕಾನೂನು ಏನು ಗೊತ್ತು. ಬಂದ. ಬಿಂದಿಗೆ ಮೇಲೇ ಗಾಡಿ ಹತ್ತಿಸಿದ.

ಷಡ್ಡಕ ಅದನ್ನ ಪೇಪರ್ ಥರ ಕಂಕುಳಲ್ಲಿ ಇಟ್ಟುಕೊಂಡು ವಾಪಸ್ ತಂದ. ನನ್ನ ಹೆಂಡತಿ ತಿರುಗಿಸಿ ಮುರುಗಿಸಿ ನೋಡಿದಳು. ಬೈಯಲಿಲ್ಲ.

"ಪರವಾಗಿಲ್ಲ ಬಿಡಪ್ಪ. ಇನ್ಮೇಲೆ ಇದರಲ್ಲಿ ದೋಸೆ ಹುಯ್ಕೋತೀವಿ."

ದೋಸೆ ಏಳಲಿಲ್ಲ. ಸಾರಿನ ಪಾತ್ರೆಗೆ ಮುಚ್ಚಳ ಆಯಿತು.

೪. ಹಾಲು ಹೊತ್ತ ಕಂಟೇನರ್

ಸ್ಲಾಟ್ ಶುರುವಾಯಿತು. ಗಾಡಿ ಎಲ್ಲಿದೆ, ಎಷ್ಟು ಜೋರಾಗಿ ಹೋಗ್ತಿದೆ, ಎಲ್ಲಾ ನಮ್ಮ ಫೋನಿನಿಂದಲೇ ಆಫೀಸಿಗೆ ಕಾಣುತ್ತೆ. ಜೋರಾಗಿ ಹೋದರೆ ಮೇಡಂ ಫೋನ್ ಮಾಡ್ತಾರೆ. "ಯಾಕಪ್ಪಾ, ಹಡಗೇ ಇನ್ನೂ ಬಂದಿಲ್ಲ."

ಷಡ್ಡಕನಿಗೆ ತಡೆಯಲಾಗಲಿಲ್ಲ. ಕೋಲಾರದಲ್ಲಿ ಟೀ ಅಂಗಡಿ ಮುಂದೆ ಒಂದು ಹಾಲಿನ ವ್ಯಾನ್ ನಿಂತಿತ್ತು. ಅದರ ಡ್ರೈವರ್ ಇವನಿಗೆ ಪರಿಚಯ. ಫೋನ್ ಅವನ ಕೈಗೆ ಕೊಟ್ಟ.

"ಸಂಜೆ ತನಕ ಇಟ್ಕೊಂಡಿರು ಮಾಮ. ಮೆಲ್ಲಗೆ ಓಡಿಸು."

ಹಾಲಿನ ವ್ಯಾನ್‌ಗಿಂತ ಮೆಲ್ಲಗೆ ಹೋಗೋದು ಯಾವುದಿದೆ? ಇವನು ಮಾತ್ರ ಬಾಣದ ಥರ ಹೊರಟ.

ಆಫೀಸಿನಲ್ಲಿ ಮೇಡಂ ನೋಡ್ತಾರೆ. ಹಾರ್ಬರಿಗೆ ಹೋಗಬೇಕಾದ ಕಂಟೇನರ್ ಕ್ಯಾಲನೂರಿನ ಕಡೆ ತಿರುಗಿದೆ. ಒಂದು ಡೈರಿ ಮುಂದೆ ನಿಂತಿತು. ಹೊರಟಿತು. ಪಕ್ಕದ ಹಳ್ಳಿ ಡೈರಿ ಮುಂದೆ ನಿಂತಿತು. ಹೀಗೇ ಹಳ್ಳಿ ಹಳ್ಳಿ ಸುತ್ತುತ್ತಿದೆ. ಮೇಡಂ ಗಾಬರಿಯಾಗಿ ಫೋನ್ ಮಾಡಿದರು. ಹಾಲಿನವನು ಎತ್ತಿದ.

"ಎವರಂಡಿ?" ಅಂದ, ಯಾರು ಅಂತ.

"ರೀ, ಅಲ್ಲೇನ್ ಮಾಡ್ತಿದೀರಾ? ನಿಮಗೋಸ್ಕರ ಹಡಗು ಕಾಯ್ತಾ ಇದೆ!"

ಹಾಲಿನವನು ಲೆಕ್ಕದ ಪುಸ್ತಕ ತೆಗೆದನಂತೆ.

"ಹಡಗಿಗೆ ಎಷ್ಟು ಲೀಟರ್ ಬೇಕಮ್ಮಾ?"

೫. ಮರದ ಕೈ ಅಡುಗೆ

ಸ್ಲಾಟ್ ಬಂದದ್ದಕ್ಕೆ ನಂಗಲಿಯಲ್ಲಿ ಎಲ್ಲರಿಗಿಂತ ಖುಷಿಯಾದದ್ದು ನನ್ನ ಹೆಂಡತಿಗೆ. ನಲ್ಲಿ ಹತ್ತಿರ ಹೇಳಿಕೊಂಡು ಬಂದಳು, "ಇನ್ಮೇಲೆ ನಮ್ಮೋರು ಮನೇಲೇ ಕೂತು ಉಣ್ತಾರೆ."

ಹೊತ್ತು ಬೇಕಾದಷ್ಟಿತ್ತು. ಆದರೆ ಕಾಲು ಕೇಳಬೇಕಲ್ಲ. ನಂಗಲಿ ಬಂದರೆ ಕಾಲು ತಾನಾಗೇ ಒತ್ತುತ್ತೆ. ಹಿಂದೆ ಷಡ್ಡಕ ಬೇರೆ. ಕಿಟಕೀಲಿ ಕ್ಯಾರಿಯರ್ ಇಸ್ಕೊಂಡು ಹೋಗಿಬಿಡ್ತಿದ್ದೆ. ರಾಣಿಪೇಟೆ ಹತ್ತಿರ ಒಂದು ಹುಣಸೇಮರ. ಅಲ್ಲಿ ಗಾಡಿ ಹಾಕಿ ಸ್ಲಾಟಿಗೆ ಕಾಯ್ತಿದ್ದೆ. ಪಕ್ಕದಲ್ಲೇ ಷಡ್ಡಕನೂ ಕಾಯ್ತಿದ್ದ.

ಅವಳು ಫೋನ್ ಮಾಡಿದಳು.

"ಎಲ್ಲಿದೀರಿ?"

"ಇನ್ನೂ ಹೊತ್ತಾಗಿಲ್ಲ ಕಣೇ. ಮರದ ಕೆಳಗೆ ಉಣ್ತಾ ಕೂತಿದೀನಿ."

"ಯಾವ ಮರ?"

"ಹುಣಸೇಮರ."

"ಓಹೋ. ಆಯಮ್ಮನ ಕೈ ಅಡುಗೆ ನನಗಿಂತ ಚೆನ್ನಾಗಿರುತ್ತಾ?"

ಷಡ್ಡಕನಿಗೆ ಕೇಳಿಸಿತು. ಅವತ್ತಿನಿಂದ ಆ ಮರಕ್ಕೆ ಅವನು ಅತ್ತಿಗೆ ಅಂತಾನೆ.

ಅದರ ಮುಂದಿನ ಟ್ರಿಪ್ಪಿನಲ್ಲಿ ಅವಳು ಕಲ್ಲಿನ ಮೇಲೆ ನಿಂತು ಕ್ಯಾರಿಯರ್ ಕೊಟ್ಟಳು. ಮೊದಲಿಗೆ ಬರೆದಿದ್ದೀನಲ್ಲ, ಆ ಮಾತು ಹೇಳಿದಳು. ನಾನು ನಕ್ಕೆ. ಅವಳೂ ನಕ್ಕಳು. ಗಾಡಿ ಹೋಯಿತು. ಮಧ್ಯಾಹ್ನ ಎದೆ ನೋವು ಅಂದಳಂತೆ. ಆಸ್ಪತ್ರೆಗೆ ಸೇರಿಸೋ ಅಷ್ಟರಲ್ಲಿ ಮುಗಿದಿತ್ತು. ನಾನು ಮರ ದಾಟಿದ್ದೆ.

ಅದರ ಬಗ್ಗೆ ಇನ್ನು ಬರೆಯೋಕೆ ನನಗೆ ಬರಲ್ಲ.

೬. ಮೂರನೇ ಪಂಕ್ತಿ

ಅವಳ ಕಾರ್ಯದ ದಿನ ಮನೆ ಮುಂದೆ ಸಣ್ಣ ಶಾಮಿಯಾನ ಹಾಕಿಸಿದೆ. ಜಾಗ ಕಮ್ಮಿ. ನೆಂಟರು ಜಾಸ್ತಿ. ಅವಳಿದ್ದಿದ್ದರೆ ಏನು ಮಾಡ್ತಿದ್ದಳೋ ಅದನ್ನೇ ಮಾಡಿದೆ. ಎಲ್ಲರಿಗೂ ಸ್ಲಾಟ್ ಕೊಟ್ಟೆ. ಮೊದಲ ಪಂಕ್ತಿ ಕೋಲಾರದವರು. ಎರಡನೇದು ಮುಳಬಾಗಿಲಿನವರು. ಮೂರನೇದು ಶ್ರೀನಿವಾಸಪುರದವರು. ಮಾಲೂರಿನ ಮೇಡಂ ಒಬ್ಬರೇ ಬರೋರು. ಅವರಿಗೂ ಮೂರನೇದೇ ಹೇಳಿದೆ.

ಬೆಳಿಗ್ಗೇನೇ ಶ್ರೀನಿವಾಸಪುರದವರು ವ್ಯಾನ್ ತುಂಬಾ ಬಂದು ಇಳಿದರು.

"ನಿಮಗೆ ಮೂರನೇ ಪಂಕ್ತಿ ಅಂದಿದ್ದೆನಲ್ಲ?"

ಅವರಲ್ಲಿ ಹಿರಿಯರು ಹೆಗಲ ಮೇಲೆ ಕೈ ಹಾಕಿದರು. "ಮೂರನೇ ಪಂಕ್ತೀಲಿ ವಡೆ ಇರಲ್ಲ ಅಂತ ನಮಗೆ ಗೊತ್ತಿಲ್ವೇನಪ್ಪಾ?"

ಮುಳಬಾಗಿಲಿನವರೂ ಬಂದರು. ಕೋಲಾರದವರು ಬರೋ ಹೊತ್ತಿಗೆ ಎಲೆ ಮುಂದೆ ಜಾಗವೇ ಇಲ್ಲ. ಷಡ್ಡಕ ಮಾತ್ರ ನೆಮ್ಮದಿಯಾಗಿ ಬಡಿಸ್ತಾ ಓಡಾಡ್ತಿದ್ದ. ಮೊದಲ ಪಂಕ್ತೀಲಿ ತನಗೂ ತನ್ನ ಮನೆಯವರಿಗೂ ಟವೆಲ್ ಹಾಸಿ ಇಟ್ಟಿದ್ದ. ಕ್ಯಾರಿಯರ್ ಹಿಡಿದು ಅವಳು ನಿಲ್ತಿದ್ದ ಕಲ್ಲಿನ ಮೇಲೂ ಒಬ್ಬರು ಎಲೆ ಹಾಕಿಕೊಂಡು ಕೂತಿದ್ದರು.

ಹೇಳಿದ ಹೊತ್ತಿಗೆ ಸರಿಯಾಗಿ ಬಂದವರು ಮೇಡಂ ಒಬ್ಬರೇ. ಫೋನಿನಲ್ಲಿ ಟೈಮ್ ನೋಡಿಕೊಂಡು ಶಾಮಿಯಾನದ ಒಳಗೆ ಕಾಲಿಟ್ಟರು. ಅಡುಗೆಯವರು ಪಾತ್ರೆ ತೊಳೀತಿದ್ದರು.

ಷಡ್ಡಕ ಬಾಯಿ ಒರೆಸಿಕೊಂಡು ಎದುರಿಗೆ ಹೋದ. ಕೈ ಮುಗಿದ.

"ಸ್ಲಾಟಿಗೆ ಕರೆಕ್ಟಾಗಿ ಬಂದ್ರಿ ಮೇಡಂ. ಆದರೆ ಹಡಗು ಹೊರಟೋಯ್ತು."

ಮೇಡಂ ಸಾವಿನ ಮನೆ ಅಂತ ನಗು ತಡೆಯೋಕೆ ನೋಡಿದರು. ಆಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಾನೂ ನಕ್ಕೆ. ಅವತ್ತಿನ ತನಕ ನಕ್ಕಿರಲಿಲ್ಲ.

ಅಡುಗೆ ಮನೆಗೆ ಕರೆದುಕೊಂಡು ಹೋದೆ. ಚಪ್ಪಟೆ ಬಿಂದಿಗೆ ಎತ್ತಿದೆ. ಕೆಳಗೆ ಅವರ ಪಾಲಿನ ಅನ್ನ, ಸಾರು, ವಡೆ ಎತ್ತಿಟ್ಟಿದ್ದೆ.

"ನಿಮ್ಮ ಜಾಗ ಇತ್ತು ಮೇಡಂ," ಅಂದೆ.

ಊಟ ಮಾಡಿದರು. ಹೊರಡುವಾಗ ಕೇಳಿದರು, "ನಾಳೆ ಮಾಲೂರಿನಲ್ಲಿ ಲೋಡ್ ಇದೆ. ಬೇರೆಯವರಿಗೆ ಕೊಡಲಾ?"

"ಬೇಡ. ನಾನೇ ಹೋಗ್ತೀನಿ."

ಮಾರನೇ ದಿನ ಬೆಳಿಗ್ಗೆ ಮಾಲೂರಿನಲ್ಲಿ ಲೋಡ್ ಹತ್ತಿಸಿಕೊಂಡೆ. ಮೆಲ್ಲಗೆ ಬಂದೆ. ಕೋಲಾರದಲ್ಲಿ ಟೊಮೆಟೊ ತುಂಬಿದ ಆಟೋ ನನ್ನನ್ನ ಹಿಂದೆ ಹಾಕಿತು. ಮುಳಬಾಗಿಲಿನಲ್ಲಿ ಷಡ್ಡಕ ಹಿಂದೆ ಹಾಕಿದ. ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ, "ಡೀಸೆಲ್ ಮುಗೀತಾ ಅಣ್ಣಾ?"

ನಂಗಲಿ ಬಂತು. ಇಂಡಿಕೇಟರ್ ಹಾಕಿದೆ. ನಮ್ಮ ಬಾಗಿಲ ಮುಂದೆ ಗಾಡಿ ನಿಲ್ಲಿಸಿದೆ. ಇಂಜಿನ್ ಆಫ್ ಮಾಡಿದೆ.

ನಲ್ಲಿ ಹತ್ತಿರದ ಹೆಂಗಸರೆಲ್ಲಾ ಬಿಂದಿಗೆ ಬಿಟ್ಟು ಎದ್ದು ನಿಂತರು. ಎದುರಿನ ಪಂಚರ್ ಅಂಗಡಿಯವನು ಜಾಕು, ಸುತ್ತಿಗೆ ಹೊತ್ತುಕೊಂಡು ಓಡಿ ಬಂದ.

"ಯಾವ ಟೈರಣ್ಣಾ?"

"ಟೈರಲ್ಲಪ್ಪ. ಊಟ."

ಅವನು ನನ್ನ ಮುಖ ನೋಡಿದ. ಗಾಡಿ ನೋಡಿದ. ನಂಬಲಿಲ್ಲ. ಮುಂದಿನ ಚಕ್ರದಿಂದ ಹಿಡಿದು ಒಂದೊಂದೇ ಟೈರಿಗೆ ಸುತ್ತಿಗೇಲಿ ಹೊಡೆದು ನೋಡೋಕೆ ಶುರು ಮಾಡಿದ.

ನಾನು ಒಳಗೆ ಹೋದೆ. ಒಲೆ ಹಚ್ಚಿದೆ. ಹಿಟ್ಟು ಹಾಕಿ ಕೋಲಿನಿಂದ ತಿರುವಿದೆ. ಮುದ್ದೆ ಗಂಟು ಗಂಟಾಯಿತು. ಚಪ್ಪಟೆ ಬಿಂದಿಗೆ ತೆಗೆದು ನಿನ್ನೆ ಸಾರು ಹಾಕಿಕೊಂಡೆ. ಕೂತುಕೊಂಡು ಉಂಡೆ. ಬಿಸಿಯಾಗಿತ್ತು. ಹೊರಗೆ ಅವನು ಇನ್ನೂ ಟೈರ್ ಹೊಡೀತಾನೇ ಇದ್ದ.