ಹನ್ನೊಂದು ಗಂಟೆಗೆ ನುಂಗಿದ ಬೆಳಗಿನ ಮಾತ್ರೆ

ದೇವರು ಎಲ್ಲರಿಗೂ ಒಂದೊಂದು ಮನಸ್ಸು ಕೊಟ್ಟು ಕಳಿಸುತ್ತಾನೆ, ಅದು ಕೂರಿಸಿದ ಕಡೆ ಕೂತಿರುತ್ತದೆ ಎಂದು ಕೇಳಿದ್ದೇನೆ. ನನಗೆ ಕೊಟ್ಟದ್ದು ಮಾತ್ರ ಬಾಗಿಲು ಮುಚ್ಚಲು ಮರೆತ ಕೋಳಿಗೂಡು. ಒಂದನ್ನು ಹಿಡಿದು ಒಳಗೆ ಬಿಡುವಷ್ಟರಲ್ಲಿ ನಾಲ್ಕು ಬೇಲಿ ದಾಟಿರುತ್ತವೆ. ತಮಿಳುನಾಡಿನ ಪಲ್ಲಡಂನಲ್ಲಿ ಕೋಳಿ ಫಾರಂಗಳ ನಡುವೆ ಸಂಸಾರ ಮಾಡುವವಳಿಗೆ ಇದಕ್ಕಿಂತ ಒಳ್ಳೆಯ ಉಪಮೆ ಹೊಳೆಯುವುದಿಲ್ಲ, ಕ್ಷಮಿಸಬೇಕು. ಐವತ್ಮೂರು ವರ್ಷ ಇದನ್ನು ನನ್ನ ಸ್ವಭಾವ ಎಂದುಕೊಂಡಿದ್ದೆ. ನಮ್ಮತ್ತೆ ಇದಕ್ಕೆ ಬೇರೆ ಬೇರೆ ಹೆಸರುಗಳನ್ನು ಇಟ್ಟಿದ್ದರು, ಅವನ್ನು ಇಲ್ಲಿ ಬರೆಯುವುದು ಬೇಡ. ಕಳೆದ ವರ್ಷ ಕೊಯಮತ್ತೂರಿನ ಡಾಕ್ಟರಮ್ಮ ಒಬ್ಬರು ಅರ್ಧ ದಿನ ಪ್ರಶ್ನೆ ಕೇಳಿ, ಇಂಗ್ಲಿಷಿನ ನಾಲ್ಕಕ್ಷರದ ಹೆಸರು ಕೊಟ್ಟರು. ಎ.ಡಿ.ಎಚ್.ಡಿ. ಗಮನ ಒಂದು ಕಡೆ ನಿಲ್ಲದಿರುವುದೂ ಒಂದು ತೊಂದರೆಯಂತೆ, ಚಿಕ್ಕಂದಿನಿಂದಲೇ ಇರುತ್ತದಂತೆ, ಮಕ್ಕಳಿಗಷ್ಟೇ ಅಲ್ಲ ಅಜ್ಜಿಯಂದಿರಿಗೂ ಇರಬಹುದಂತೆ, ಅದಕ್ಕೆ ಮಾತ್ರೆಯೂ ಇದೆಯಂತೆ. ಈ ಕೊನೆಯ ಮಾತು ಕೇಳಿ ನಮ್ಮ ಯಜಮಾನರು, "ಮಾತ್ರೆ ಇದ್ಯಾ? ಮೂವತ್ತು ವರ್ಷ ಮುಂಚೆ ಯಾರಾದ್ರೂ ಹೇಳಬಾರದಿತ್ತಾ?" ಎಂದರು. ಅವರು ಮನೆಯ ಹಿಂದಿನ ಶೆಡ್ಡಿನಲ್ಲಿ ಆರು ಪವರ್‌ಲೂಮ್ ಓಡಿಸುವವರು. ಅಷ್ಟು ಸದ್ದಿನಲ್ಲೂ ಒಂದು ಎಳೆ ಕಡಿದರೆ ಗೊತ್ತಾಗುವ ಮನುಷ್ಯ. ನನ್ನ ಎಳೆಗಳನ್ನು ಎಣಿಸುವುದು ಅವರು ಮದುವೆಯಾದ ಮೊದಲ ವರ್ಷವೇ ಬಿಟ್ಟಿದ್ದರು.

ನಾನು ಹುಟ್ಟಿದ್ದು ಚಾಮರಾಜನಗರದ ಕಡೆ, ಸೇರಿದ್ದು ಇಲ್ಲಿ. ಈ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಓದಲು ಬರುವುದು ನನಗೊಬ್ಬಳಿಗೇ. ಹಾಗಾಗಿ ಮನೆಮಂದಿಯ ವಿಷಯವನ್ನೆಲ್ಲ ಧೈರ್ಯವಾಗಿ ಬರೆಯುತ್ತಿದ್ದೇನೆ. ದೇವರು ಮಾಡಿದ ಸಣ್ಣ ಸಣ್ಣ ಉಪಕಾರಗಳಲ್ಲಿ ಇದೂ ಒಂದು.

ಡಾಕ್ಟರ ಬಾಗಿಲಿಗೆ ನಾನಾಗಿ ಹೋದವಳಲ್ಲ. ಮಗಳು ರಮ್ಯಾ ಕರೆದುಕೊಂಡು ಹೋದಳು. ಅವಳಿಗೆ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯ ಆಫೀಸಿನಲ್ಲಿ ಕೆಲಸ, ಮನೆ ನಮ್ಮದಕ್ಕೆ ಎರಡೇ ಬೀದಿ ಆಚೆ. ಹೆರಿಗೆಯಾಗಿ ಹೆಣ್ಣು ಮಗು ಬಂದಿತ್ತು, ರಜೆಯಲ್ಲಿದ್ದಳು. ಅವಳು ಕೆಲಸಕ್ಕೆ ಹೋದರೆ ಪಾಪ ನನ್ನ ಹತ್ತಿರ ಇರುತ್ತದೆ ಎಂಬುದು ನನ್ನ ಲೆಕ್ಕ. ಒಂದು ದಿನ ಅವಳು ಮಗುವಿನ ಜೊತೆ ಬಂದಿದ್ದಾಗ ಹಾಲು ಒಲೆಯ ಮೇಲಿಟ್ಟೆ. ಹೊರಗೆ ತರಕಾರಿ ಗಾಡಿಯ ಕೂಗು ಕೇಳಿತು, ಹೋದೆ. ನುಗ್ಗೇಕಾಯಿ ಆರಿಸುತ್ತಿದ್ದಾಗ ಎದುರು ಮನೆಯವರ ಮಲ್ಲಿಗೆ ಬಳ್ಳಿಗೆ ಹುಳ ಬಿದ್ದದ್ದು ಕಂಡಿತು. ಅದಕ್ಕೆ ಬೇವಿನೆಣ್ಣೆ ಕಲಸಿಕೊಟ್ಟು ನಾನು ವಾಪಸ್ಸು ಬರುವಾಗ ಮನೆ ತುಂಬ ಹೊಗೆ, ರಮ್ಯಾ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಂಗಳದಲ್ಲಿ ನಿಂತಿದ್ದಳು. ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಹೇಳಿ ಹಗುರಾಗುತ್ತಿದ್ದೆ.

"ಅಮ್ಮಾ, ಪಾಪ ನಿನ್ ಹತ್ರ ಇದ್ರೆ ನಂಗೆ ಸಂತೋಷನೇ. ಆದ್ರೆ ಅದನ್ನ ಸ್ನಾನದ ಟಬ್ಬಲ್ಲಿ ಕೂರ್ಸಿ ನೀ ಮುರಿಂಗಕಾಯಿ ತಗೊಳಕ್ಕೆ ಹೋಗ್ಬಿಟ್ರೆ?" ಎಂದಳು.

ಹಾಗೆ ಹೋಗುವುದಿಲ್ಲ ಎಂದು ಆಣೆಯಿಡುವ ಧೈರ್ಯ ನನಗಿರಲಿಲ್ಲ. ಕಂಪನಿಯ ಹತ್ತಿರ ಮಕ್ಕಳನ್ನು ನೋಡಿಕೊಳ್ಳುವ ಒಂದು ಕಡೆ ಅವಳು ವಿಚಾರಿಸಿಯೂ ಇದ್ದಳು. ರಜೆ ಮುಗಿಯಲು ಮೂರು ತಿಂಗಳಿತ್ತು. ಅಷ್ಟರಲ್ಲಿ ನಾನು ಸರಿಹೋದರೆ ಮೊಮ್ಮಗಳು ನನ್ನ ಮಡಿಲಲ್ಲಿ, ಇಲ್ಲದಿದ್ದರೆ ಯಾರದೋ ತೊಟ್ಟಿಲಲ್ಲಿ.

ಡಾಕ್ಟರಮ್ಮ ಒಳ್ಳೆಯವರು. ಕೊಟ್ಟ ಫಾರಂ ಅರ್ಧ ತುಂಬಿಸಿ, ಪಕ್ಕದಲ್ಲಿದ್ದ ಮುದುಕಿಯ ಮೊಣಕಾಲು ನೋವಿನ ಕಥೆ ಕೇಳುತ್ತಾ ಕೂತವಳನ್ನು ಅವರೇ ಬಂದು ಎಬ್ಬಿಸಿ ಒಳಗೆ ಕರೆದರು. ಫಾರಂನ ಉಳಿದರ್ಧ ತುಂಬುವ ಅಗತ್ಯ ಬೀಳಲಿಲ್ಲ ಎಂದು ಕಾಣುತ್ತದೆ. ಬಿ.ಪಿ. ನೋಡಿದರು, ಎದೆಯ ಪರೀಕ್ಷೆ ಮಾಡಿಸಿದರು, ದಿನಕ್ಕೊಂದರಂತೆ ಮಾತ್ರೆ ಬರೆದು, ಬೆಳಿಗ್ಗೆ ಎದ್ದ ಕೂಡಲೇ ತಗೊಳ್ಳಿ ಎಂದು ತಮಿಳಿನಲ್ಲಿ ಎರಡು ಸಲ ಹೇಳಿದರು. ನಾನು ಎರಡು ಸಲವೂ ತಲೆಯಾಡಿಸಿದೆ.

ಇಲ್ಲಿ ನಮ್ಮ ಮನೆಯ ಪದ್ಧತಿ ಹೇಳಬೇಕು. ನಮ್ಮ ಮನೆದೇವರು ಪೆರುಮಾಳ್. ನಾನು ಮದುವೆಯಾಗಿ ಬಂದ ವಾರವೇ ಅತ್ತೆ ಕಲಿಸಿದ ಮೊದಲ ಪಾಠವೆಂದರೆ, ಸೊಸೆಯಾದವಳು ಮಿಂದು, ದೀಪ ಹಚ್ಚಿ, ಪೂಜೆ ಮುಗಿಸಿ ತೀರ್ಥ ತಗೊಳ್ಳುವ ತನಕ ಬಾಯಿಗೆ ಹನಿ ನೀರೂ ಹಾಕಬಾರದು. ಮಾತ್ರೆ ನುಂಗಲು ನೀರು ಬೇಕು. ಆದ್ದರಿಂದ ಮಾತ್ರೆ ಪೂಜೆಯ ಮೇಲೆ. ಇದರಲ್ಲಿ ಯೋಚಿಸಲು ಏನಿದೆ? ಡಾಕ್ಟರಿಗೆ ಹೇಳುವಂಥ ವಿಷಯ ಎಂದೂ ಅನ್ನಿಸಲಿಲ್ಲ. ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಎಂದು ಯಾರಾದರೂ ಡಾಕ್ಟರಿಗೆ ಹೇಳಲು ಹೋಗುತ್ತಾರೆಯೇ?

ಆರು ಗಂಟೆಗೆ ಸರಿಯಾಗಿ ದೀಪ ಹಚ್ಚುತ್ತೇನೆ, ಅದರಲ್ಲಿ ಮೋಸವಿಲ್ಲ. ತುಳಸಿ ಕೀಳಲು ಹಿತ್ತಿಲಿಗೆ ಹೋದರೆ ಕೊಡ ತುಂಬಿ ನೀರು ಹರಿಯುತ್ತಿರುವುದು ಕಾಣುತ್ತದೆ. ನಲ್ಲಿ ನಿಲ್ಲಿಸಲು ಹೋದರೆ ಒಗೆಯುವ ಕಲ್ಲಿನ ಹತ್ತಿರ ನಿನ್ನೆ ನೆನೆಹಾಕಿದ ಯಜಮಾನರ ವೇಷ್ಟಿ ಸಿಗುತ್ತದೆ. ಅದನ್ನು ಹಿಂಡಿ ಹರವಲು ಮಹಡಿಗೆ ಹೋದರೆ ಒಣಗಿಸಿದ ಮೆಣಸಿನಕಾಯಿಯನ್ನು ತಿರುವಿಹಾಕದೆ ಬರಲು ಮನಸ್ಸಾಗುವುದಿಲ್ಲ. ಮಹಡಿಯಿಂದ ಪಕ್ಕದ ಮನೆಯ ಶಾಂತಿಯಕ್ಕ ಕಾಣುತ್ತಾರೆ, ಕಂಡಮೇಲೆ ಮಾತಾಡದೆ ಇಳಿಯುವುದು ಮರ್ಯಾದೆಯಲ್ಲ. ನಡುವೆ ಎಲ್ಲೋ ಮನೆಯವರಿಗೆ ಇಡ್ಲಿಯೂ ಬೇಯಿಸಿ ಕೊಟ್ಟಿರುತ್ತೇನೆ. ದೇವರ ಕೋಣೆಯ ಮುಂದೆ ಹಾದು ಹೋಗುವಾಗ ದೀಪ ಕಂಡು, ಅಯ್ಯೋ ಸ್ವಾಮಿ ಎಂದು ಎಣ್ಣೆ ಹಾಕಿ, ತುಳಸಿ ತರಲು ಮತ್ತೆ ಹಿತ್ತಿಲಿಗೆ. ಮಂಗಳಾರತಿ ಎತ್ತುವ ಹೊತ್ತಿಗೆ ಹನ್ನೊಂದು ಗಂಟೆ. ಮನಸ್ಸನ್ನು ಪೂಜೆಯಲ್ಲಿ ನಿಲ್ಲಿಸಬೇಕಾದ ಮಾತ್ರೆ, ಪೂಜೆ ಯಾವಾಗ ಮುಗಿಯುತ್ತದೋ ಎಂದು ಡಬ್ಬಿಯಲ್ಲಿ ಕಾಯುತ್ತಾ ಕೂತಿರುತ್ತಿತ್ತು.

ಹನ್ನೊಂದಕ್ಕೆ ನುಂಗಿದ ಮಾತ್ರೆ ತನ್ನ ಧರ್ಮ ತಾನು ಪಾಲಿಸಿತು. ಮಧ್ಯಾಹ್ನ ನಾನೇ ಮಾಡಿದ ಸಾರನ್ನ ನನಗೇ ರುಚಿಸುತ್ತಿರಲಿಲ್ಲ. ಸಂಜೆ ಎಲ್ಲರೂ ಟೀವಿಯ ಮುಂದೆ ತೂಕಡಿಸುವಾಗ ನನ್ನ ಮನಸ್ಸು ಎಂದೂ ಇಲ್ಲದಂತೆ ಒಂದೇ ಕಡೆ ನಿಂತು, ಅಟ್ಟದ ಮೇಲಿನ ಪಾತ್ರೆಗಳನ್ನೆಲ್ಲ ಇಳಿಸಿ ಬೆಳಗುತ್ತಿತ್ತು. ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ. ಬೆಳಗ್ಗೆ ಮಾತ್ರ ಅದೇ ಕೋಳಿಗೂಡು. ತಿಂಗಳ ಮೇಲೆ ಡಾಕ್ಟರಮ್ಮ, "ಎನ್ನಮ್ಮಾ, ಮಾತ್ರೈ ಕಾಲೈಲ ತಾನೇ ಸಾಪ್ಪಿಡ್ರೀಂಗ?" ಎಂದು ಕೇಳಿದರು. ಮಾತ್ರೆ ಬೆಳಿಗ್ಗೆಯೇ ನುಂಗುತ್ತೇನೆ, ಪೂಜೆ ಆದಮೇಲೆ, ಎಂದೆ. ಪೂಜೆ ಎಷ್ಟು ಗಂಟೆಗೆ ಎಂದರು. ಆರಕ್ಕೆ ಎಂದೆ. ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ಪೆರುಮಾಳ್ ನೋಡಿಕೊಳ್ಳಲಿ. ಪಾಪ, ಅವರು ಹಣೆ ತಿಕ್ಕಿಕೊಂಡು, ಆರಕ್ಕೆ ತಗೊಂಡು ರಾತ್ರಿಯ ತನಕ ನಿದ್ದೆ ಕೆಡಿಸುತ್ತದೆಯೆಂದರೆ ಇದು ನಿಮ್ಮ ಮೈಗೆ ಒಗ್ಗುವುದಿಲ್ಲ ಎಂದು ಮಾತ್ರೆ ಬದಲಾಯಿಸಿದರು.

ಎರಡನೆಯ ಮಾತ್ರೆ ಸಾಧು ಸ್ವಭಾವದ್ದು. ನಿಧಾನ, ಕೆಲಸ ಕಾಣಲು ವಾರಗಳೇ ಬೇಕು, ಹೊಟ್ಟೆಗೆ ಏನಾದರೂ ಹಾಕಿಯೇ ತಗೊಳ್ಳಬೇಕು ಎಂದು ಹೇಳಿ ಕೊಟ್ಟರು. ವಾರದ ದಿನಗಳಲ್ಲಿ ತೊಂದರೆಯಾಗಲಿಲ್ಲ. ಶನಿವಾರ ನನಗೆ ಒಂದು ಹೊತ್ತಿನ ಊಟ, ಅದೂ ಮೂರು ಗಂಟೆಯ ಮೇಲೆ. ಆ ದಿನ ತೀರ್ಥವೂ ಎರಡು ದಳ ತುಳಸಿಯೂ ಹೊಟ್ಟೆಗೆ ಹೋಗಿವೆಯಲ್ಲ, ದೇವರ ಪ್ರಸಾದಕ್ಕಿಂತ ದೊಡ್ಡ ಆಹಾರ ಯಾವುದು ಎಂದು ಭಕ್ತಿಯಿಂದ ನುಂಗಿದೆ. ಅರ್ಧ ಗಂಟೆಯಲ್ಲಿ ಹೊಟ್ಟೆ ತೊಳಸಿ, ಹಿತ್ತಿಲ ಕಲ್ಲಿನ ಮೇಲೆ ಕೈಯೂರಿ ನಿಂತೆ. ಎಂಬತ್ತೆರಡರ ಅತ್ತೆ ಬಾಗಿಲಲ್ಲಿ ನಿಂತು ನೋಡಿ, "ಏನ್ ಪದ್ಮಾ, ಏನ್ ಸಮಾಚಾರ? ಮಗಳು ಹೆತ್ತ ವರ್ಷನೇ ಅಮ್ಮನೂವಾ?" ಎಂದರು. ತಮ್ಮ ಮಹಡಿಯಿಂದ ಶಾಂತಿಯಕ್ಕ ಬಗ್ಗಿ ನೋಡಿ, "ಎನ್ನಾಚ್ಚು?" ಎಂದರು. ಏನೂ ಆಗಿಲ್ಲ ಎಂದೆ. ಮರುದಿನದಿಂದ ಬೀದಿಯ ಹೆಂಗಸರು ನನ್ನ ಮುಖಕ್ಕಿಂತ ಸ್ವಲ್ಪ ಕೆಳಗೆ ನೋಡುತ್ತಾ ಮಾತಾಡತೊಡಗಿದರು. ನಾಲ್ಕು ಶನಿವಾರ ಹೀಗೇ ಆಯಿತು. ಒಲೆಯ ಮೇಲೆ ಹಾಲೂ ಎರಡು ಸಲ ಉಕ್ಕಿತು. ರಮ್ಯಾಳ ರಜೆ ಮೂರು ವಾರ ಉಳಿದಿತ್ತು. ಒಂದು ದಿನ ಅವಳ ಕೈಚೀಲದಲ್ಲಿ ಆ ಮಕ್ಕಳ ಮನೆಯ ಚೀಟಿ ಕಂಡೆ. ಅವಳೂ ನಾನು ಕಂಡದ್ದನ್ನು ಕಂಡಳು. ಇಬ್ಬರೂ ಮಗುವಿಗೆ ಹಲ್ಲು ಬಂದ ವಿಷಯ ಮಾತಾಡಿದೆವು.

ಮೂರನೆಯ ಸಲ ಕೊಯಮತ್ತೂರಿಗೆ ಹೋಗುವಾಗ ಅದೇ ಬೀದಿಯಲ್ಲಿ ಕಣ್ಣು ತೋರಿಸಬೇಕೆಂದು ಅತ್ತೆಯೂ ಹೊರಟರು. ಡಾಕ್ಟರಮ್ಮನ ಕೋಣೆಯೊಳಗೆ ಯಾರೂ ಕರೆಯದೆಯೇ ಬಂದು ಕೂತರು. ಈ ಮಾತ್ರೆಯನ್ನೂ ಬದಲಾಯಿಸಬೇಕೇನೋ ಎಂದು ಡಾಕ್ಟರಮ್ಮ ಪೆನ್ನು ತೆಗೆದು, ಹಳೆಯ ಚೀಟಿ ನೋಡುತ್ತಾ, ಆರು ಗಂಟೆಗೆ ಪೂಜೆ, ಆಮೇಲೆ ಮಾತ್ರೆ, ಅಲ್ಲವಾ ಎಂದು ತಮಗೆ ತಾವೇ ಅಂದುಕೊಂಡರು. ಅತ್ತೆ ನಕ್ಕರು. "ಆರಕ್ಕೆ ಸುರು ಮಾಡ್ತಾಳೆ ತಾಯೀ. ಮುಗ್ಯದು ಹನ್ನೊಂದಕ್ಕೆ. ಒಂದೊಂದ್ ದಿನ ನನ್ ಮಧ್ಯಾಹ್ನದ ಊಟ ಆದ್ಮೇಲೂ ಮಂಗಳಾರತಿ ಕೊಟ್ಟವ್ಳೆ" ಎಂದು ಅದನ್ನೇ ತಮಿಳಿನಲ್ಲೂ ಹೇಳಿದರು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ನಾನು ಗೋಡೆಯ ಗಡಿಯಾರ ನೋಡಿದೆ. ಎದ್ದ ಕೂಡಲೇ ಯಾಕೆ ತಗೊಳ್ಳಲಿಲ್ಲ ಎಂದು ಅವರು ಕೇಳಿದ್ದಕ್ಕೆ, ಪೂಜೆಗೆ ಮುಂಚೆ ಬಾಯಿಗೆ ನೀರು ಹಾಕುವಂತಿಲ್ಲ, ನಮ್ಮತ್ತೆ ಕಲಿಸಿದ ಪದ್ಧತಿ ಎಂದೆ. ಸ್ವಲ್ಪ ಹೆಮ್ಮೆಯಿಂದಲೇ ಎಂದೆ.

"ಯಾರು, ನಾನಾ?" ಎಂದರು ಅತ್ತೆ. "ನಾನ್ ದಿನಾ ಎದ್ದ ತಕ್ಷಣ ಥೈರಾಯ್ಡ್ ಮಾತ್ರೆ ನುಂಗ್ತೀನಿ, ಆಮೇಲೆ ತಾನೇ ಸ್ನಾನ? ಹದಿನೈದು ವರ್ಷ ಆಯ್ತು. ಔಷಧ ಏನು ಊಟವಾ? ಔಷಧಕ್ಕೆ ಯಾವ ಮಡಿ?"

"ಮತ್ತೆ ನಂಗೆ ಯಾಕೆ ಹೇಳ್ಲಿಲ್ಲ, ಅತ್ತೆ?"

"ನೀ ಕೇಳ್ಲಿಲ್ಲ. ನೀ ಬಂದಾಗ ಇಪ್ಪತ್ತೆರಡು ವಯಸ್ಸು, ಕಲ್ಲು ನುಂಗಿದ್ರೂ ಅರಗ್ತಿತ್ತು. ಮಾತ್ರೆ ವಿಷ್ಯ ಯಾಕ್ ಬರ್ತದೆ?"

ಹದಿನೈದು ವರ್ಷ ಆ ಮಾತ್ರೆಯ ಡಬ್ಬಿಯನ್ನು ನಾನೇ ಅವರ ಮಂಚದ ಪಕ್ಕ ಇಡುತ್ತಾ ಬಂದಿದ್ದೇನೆ. ನೀರಿನ ಚೊಂಬೂ ನಾನೇ ಇಡುತ್ತೇನೆ. ಅವರು ಅದನ್ನು ಯಾವಾಗ ಕುಡಿಯುತ್ತಾರೆ ಎಂದು ಒಂದು ದಿನವೂ ನೋಡಿರಲಿಲ್ಲ. ಇಡುವಷ್ಟರಲ್ಲಿ ನನಗೆ ಬೇರೇನೋ ಕಂಡಿರುತ್ತಿತ್ತು. ಡಾಕ್ಟರಮ್ಮ ನಗುತ್ತಲೇ, ಎರಡನೆಯದನ್ನು ನಿಲ್ಲಿಸಿ ಮೊದಲಿನ ಮಾತ್ರೆಯನ್ನೇ ಸ್ವಲ್ಪ ಕಡಿಮೆ ಮಾಡಿ ಬರೆದರು. ಈ ಸಲ "ಎದ್ದ ಕೂಡಲೇ" ಎಂಬುದನ್ನು ನನಗೆ ಹೇಳದೆ ಅತ್ತೆಗೆ ಹೇಳಿದರು.

ಮರುದಿನದಿಂದ ಅತ್ತೆಯ ಮಂಚದ ಮೇಲೆ ನಾವಿಬ್ಬರೂ ಪಕ್ಕಪಕ್ಕ ಕೂತು, ಅವರದು ಅವರು, ನನ್ನದು ನಾನು ನುಂಗತೊಡಗಿದೆವು. ಒಂದು ವಾರದಲ್ಲಿ ನನ್ನ ಪೂಜೆ ಮುಕ್ಕಾಲು ಗಂಟೆಗೆ ಇಳಿಯಿತು. ತುಳಸಿ ಕೀಳಲು ಹೋದವಳು ತುಳಸಿಯನ್ನೇ ತಂದೆ. ನಲ್ಲಿ ಕಂಡಿತು, ನಿಲ್ಲಿಸಿದೆ, ವೇಷ್ಟಿ ಅಲ್ಲೇ ಇತ್ತು, ಇರಲಿ ಎಂದು ಬಂದೆ. ಈ "ಇರಲಿ" ಎಂಬ ಮಾತು ನನ್ನ ತಲೆಯಲ್ಲಿ ಹುಟ್ಟಿದ್ದನ್ನು ಕೇಳಿ ನನಗೇ ಕಣ್ಣು ತುಂಬಿ ಬಂತು. ರಾತ್ರಿ ನಿದ್ದೆಯೂ ಬಂತು, ಊಟವೂ ಅಷ್ಟಿಷ್ಟು ಸೇರಿತು. ಒಂದೇ ಚಿಂತೆ. ಇಷ್ಟು ವರ್ಷ ದಿನಕ್ಕೆ ಐದು ಗಂಟೆ ತನ್ನ ಎದುರು ಓಡಾಡುತ್ತಿದ್ದವಳು ಈಗ ಮುಕ್ಕಾಲು ಗಂಟೆಯಲ್ಲಿ ಎದ್ದು ಹೋಗುತ್ತಾಳಲ್ಲ, ಏನು ಕೋಪವೋ ಎಂದು ಪೆರುಮಾಳ್ ಅಂದುಕೊಂಡರೆ? ಯಜಮಾನರನ್ನು ಕೇಳಿದೆ. "ಅವ್ರಿಗೂ ಸ್ವಲ್ಪ ರೆಸ್ಟ್ ಬೇಕು, ಬಿಡು" ಎಂದರು.

ರಜೆ ಮುಗಿಯಲು ಮೂರು ದಿನ ಇರುವಾಗ ರಮ್ಯಾ ಪರೀಕ್ಷೆ ಇಟ್ಟಳು. ಬೆಳಿಗ್ಗೆ ಎಂಟಕ್ಕೆ ಪಾಪವನ್ನು ಬಿಟ್ಟು, "ಅಮ್ಮಾ, ಸಾಯಂಕಾಲ ಆರಕ್ಕೆ ಬರ್ತೀನಿ. ನಡುವೆ ಫೋನ್ ಮಾಡಲ್ಲ" ಎಂದು ಹೋದಳು. ಗೇಟಿನ ಚಿಲಕ ಹಾಕಿ ಬಂದೆ. ಆಮೇಲೆ ಪಾಪ ನನ್ನ ಮೂಗು ಹಿಡಿಯಿತು, ನಾನು ಉಳಿದದ್ದನ್ನೆಲ್ಲ ಬಿಟ್ಟೆ. ಎಣ್ಣೆ ಹಚ್ಚಿ ಮೀಯಿಸಿದೆ, ಟಬ್ಬಿನ ಪಕ್ಕದಿಂದ ಒಂದು ಗೇಣು ಕದಲಲಿಲ್ಲ. ತರಕಾರಿ ಗಾಡಿ ಕೂಗಿಕೊಂಡು ಬಂತು, ಕೂಗಿಕೊಂಡು ಹೋಯಿತು. ಶಾಂತಿಯಕ್ಕ ಎರಡು ಸಲ ಕರೆದರು. ರಾಗಿ ಗಂಜಿ ಕಾಯಿಸಿ, ಒಲೆ ಆರಿಸಿ, ಆರಿಸಿದ್ದನ್ನು ಕೈ ಇಟ್ಟು ನೋಡಿ, ಊದಿ ಊದಿ ಕುಡಿಸಿದೆ. ಮಲಗಿಸಿದೆ, ಮಲಗಿದ್ದನ್ನು ನೋಡುತ್ತಾ ಕೂತೆ. ಎದ್ದಮೇಲೆ ಆಡಿಸಿದೆ. ಒಂದು ಇಡೀ ದಿನ ಒಂದೇ ಕಡೆ ಇದ್ದರೆ ಎಷ್ಟು ಕಾಣುತ್ತದೆ ಎಂಬುದು ಐವತ್ಮೂರು ವರ್ಷದಲ್ಲಿ ನನಗೆ ಗೊತ್ತಿರಲಿಲ್ಲ. ಅದರ ಎಡಗಿವಿಯ ಹಿಂದೆ ಒಂದು ಮಚ್ಚೆ ಇದೆ. ಅದು ರಮ್ಯಾಳಿಗೂ ತಿಳಿದಿರಲಿಲ್ಲ.

ಆರಕ್ಕೆ ಅವಳು ಬಂದಾಗ ಪಾಪ ನನ್ನ ತೊಡೆಯ ಮೇಲೆ ನಗುತ್ತಿತ್ತು. ರಮ್ಯಾ ಅಡುಗೆಮನೆಗೆ ಹೋಗಿ ಒಲೆ ಮುಟ್ಟಿ ನೋಡಿದಳು. ತಣ್ಣಗಿತ್ತು. ಮುಖ ಅರಳಿತು. ಆಮೇಲೆ ಮುಚ್ಚಳ ತೆಗೆದು ಪಾತ್ರೆಗಳನ್ನು ನೋಡಿದಳು, ಅವೂ ತಣ್ಣಗಿದ್ದವು, ಖಾಲಿಯೂ ಇದ್ದವು. "ಅಮ್ಮಾ, ಇವತ್ತು ಮಧ್ಯಾಹ್ನ ಏನ್ ಅಡುಗೆ?"

ಆಗ ನನಗೆ ಮನೆಯಲ್ಲಿ ಇನ್ನಿಬ್ಬರು ಇದ್ದಾರೆ ಎಂಬುದು ನೆನಪಾಯಿತು. ಯಜಮಾನರು ಜಗಲಿಯಿಂದ ಹೇಳಿದರು: "ನಾನೂ ನಿಮ್ಮಜ್ಜಿನೂ ಬೇಕರಿ ಬನ್ ತಿಂದ್ವಿ, ಕಣಮ್ಮಾ. ಮೊದ್ಲು ನಿಮ್ಮಮ್ಮ ಐದು ಕೆಲ್ಸ ಅರ್ಧರ್ಧ ಮಾಡ್ತಿದ್ಲು, ಅರ್ಧ ಊಟ ಆದ್ರೂ ಸಿಕ್ತಿತ್ತು. ಈಗ ಒಂದೇ ಕೆಲ್ಸ, ಪೂರ್ತಿ." ಅತ್ತೆ, "ಕೇಳಣ ಅಂತ ಎರಡ್ಸಲ ಬಂದೆ. ಅವ್ಳು ಪಾಪನ್ ನೋಡ್ತಾ ಇದ್ದದ್ ನೋಡಿ ಸುಮ್ನೆ ಹೋದೆ" ಎಂದರು.

ರಮ್ಯಾ ತಂದಿದ್ದ ಚೀಲದಿಂದ ಮಗುವಿನ ಬಟ್ಟೆಗಳನ್ನು ತೆಗೆದು ನನ್ನ ಬೀರುವಿನ ಕೆಳಗಿನ ಅರೆಯಲ್ಲಿ ಒಂದೊಂದಾಗಿ ಜೋಡಿಸಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು, "ಅಪ್ಪಾ, ನಾನ್ ಉಪ್ಪಿಟ್ಟು ಮಾಡ್ತೀನಿ" ಎಂದು ಒಲೆ ಹಚ್ಚಿದಳು. ನಾನು ಪಾಪವನ್ನು ಎತ್ತಿಕೊಂಡು ದೇವರ ಕೋಣೆಗೆ ಹೋಗಿ ನಿಂತೆ. ಪೆರುಮಾಳೇ, ಒಂದು ಕೆಲಸವನ್ನು ಪೂರ್ತಿ ಮಾಡುವ ಬುದ್ಧಿ ಕೊಟ್ಟೆ, ಅದೇ ದೊಡ್ಡದು, ಇನ್ನು ನಿನ್ನನ್ನು ಪೀಡಿಸುವುದಿಲ್ಲ, ಎರಡನೆಯ ಕೆಲಸದ ಬಗ್ಗೆ ಮುಂದಿನ ತಿಂಗಳು ಡಾಕ್ಟರಮ್ಮನನ್ನೇ ಕೇಳಿಕೊಳ್ಳುತ್ತೇನೆ ಎಂದು ಹೇಳಿಬಂದೆ.