ಲೈಕ್ ಕೇಳಾಕ ಬಂದ ದೆವ್ವದ ಉಡಿ ತುಂಬಿದ್ದು

ನಮ್ಮ ಜೋಗೇಶ್ವರಿ ಚಾಳದಾಗ ಇರೋರು ಟಿಕೀಟ ತಗೊಂಡು ಪಿಚ್ಚರ್‌ಗೆ ಹೋಗೋದ ಬ್ಯಾಡ್ರಿ. ಬಾಗಲಾ ತಗದು ಕುಂತ್ರ ಸಾಕು, ಒಂದಿಲ್ಲೊಂದು ನಡದ ಇರತೈತಿ.

೧. ಮೇಕಪ್ ಬ್ಯಾಡಾದ ದೆವ್ವ

ಬಾಜೂ ಖೋಲಿ ಹುಡುಗಿ ಅಂಧೇರಿ ಪಾರ್ಲರ್‌ನ್ಯಾಗ ಕೆಲಸಾ ಮಾಡ್ತಾಳ. ಉಳದ ಹೊತ್ತೆಲ್ಲಾ ಮೊಬೈಲ್‌ನ್ಯಾಗ ಫೇಮಸ್ ಆಗೋ ಹುಚ್ಚು. ಈ ಸಲ ದೆವ್ವದ ಪಿಚ್ಚರ್ ಹಿಡದ್ಲು. ಕತಿ ಏನಂದ್ರ, ಲೈಕಿಗೆ ಹಪಹಪಿಸಿ ಸತ್ತಾಕಿ ದೆವ್ವಾಗಿ ಮನಿಮನಿಗೆ ಬಂದು ‘ಲೈಕ್ ಒತ್ತು’ ಅಂತ ಕಾಡ್ತಾಳ.

ಅವರವ್ವ ಶರತ್ತು ಹಾಕಿದ್ಲು. ‘ಗಣಪತಿ ಮಂಡಪದಾಗ ತೋರಸು. ಒಬ್ಬರರೆ ಹೆದರಿದ್ರ ಮುಂದ ಮಾಡು. ಇಲ್ಲಂದ್ರ ಮೊಬೈಲ್ ತಿಜೂರ್ಯಾಗ, ನೀ ಮೊನ್ನೆ ನೋಡಿಹೋದ ಆ ದಹಿಸರ್ ವರನ ಮನ್ಯಾಗ.’

ಹುಡುಗಿ ಸೀದಾ ನನ್ನ ಕಡೆ ಬಂದ್ಲು. ‘ಕಾಕು, ಪ್ಲೀಜ್ ನಾ, ನೀವ ದೆವ್ವ ಆಗ್ರಿ.’

‘ಮೇಕಪ್ ಭಾಳ ಹಚ್ಚಬೇಕೇನ?’

‘ಏನೂ ಬ್ಯಾಡ. ನಳದ ಮುಂದ ಜಗಳಾಡೂ ಮುಂದ ಹೆಂಗ ಇರ್ತೀರಿ, ಹಂಗ ಬರ್ರಿ.’

೨. ದೀಪಾ ಹಚ್ಚೋ ಹೊತ್ತಿನ್ಯಾಗ

ಶೂಟಿಂಗು ಮೂಲಿ ಖೋಲಿ ಅಜ್ಜಿ ಮನ್ಯಾಗ. ನಾ ಕೂದಲಾ ಬಿಚ್ಚಿ ಬಾಗಲದಾಗ ನಿಂತು ಚೀರಬೇಕು, ಅಜ್ಜಿ ಹೌಹಾರಬೇಕು. ನಾ ಚೀರಿದೆ. ಅಜ್ಜಿ ನನ್ನ ಕೈ ಹಿಡದು ಒಳಗ ಕರಕೊಂಡ್ಲು.

‘ಬಾರವಾ. ದೀಪಾ ಹಚ್ಚೋ ಹೊತ್ತಿನ್ಯಾಗ ಕೂದಲಾ ಹರವಿಕೊಂಡು ತಿರಗತಾರೇನು? ಕುಂದರು.’

ಎಣ್ಣಿ ಹಚ್ಚಿ ಹೆರಳು ಹಾಕಿದ್ಲು. ಕುಂಕುಮ ಇಟ್ಲು. ಅಕ್ಕಿ, ಕೊಬ್ಬರಿ, ನವಿಲಿರೋ ಗಿಣಿಹಸರ ಜಂಪರ್ ಪೀಸು, ಎಲ್ಲಾ ಇಟ್ಟು ಉಡಿ ತುಂಬಿದ್ಲು.

‘ಅಜ್ಜಿ, ಕಾಕು ದೆವ್ವ ಅದಾರ!’ ಹುಡುಗಿ ಒದರಿದ್ಲು.

‘ದೆವ್ವ ಆದ್ರೇನ, ಮನಿಗೆ ಬಂದ ಹೆಣ್ಮಗಳು. ಬರೇ ಉಡೀಲೆ ಕಳಸಲೇನು?’

ನಮ್ಮವ್ವ ಹೋದಮ್ಯಾಲ ನನ್ನ ತಲಿ ಯಾರೂ ಹಿಕ್ಕಿರಲಿಲ್ಲ. ಕಣ್ಣಾಗ ನೀರು ಬಂದು ಕಾಡಿಗಿ ಗಲ್ಲದ ಮ್ಯಾಲ ಇಳೀತು.

‘ಕಾಕು, ಈಗ ಖರೇ ದೆವ್ವಾದ್ರಿ! ಅಲ್ಲಾಡಬ್ಯಾಡ್ರಿ!’

೩. ಹೆದರಿದಾಕಿ

ಮಂಡಪದಾಗ ಪಡದೆ ಕಟ್ಟಿದ್ರು. ದಹಿಸರ್ ವರನ ತಾಯೀನೂ ಗಣಪತಿ ನೋಡಾಕ ಬಂದಿದ್ರು. ಹುಡುಗಿ ಅವ್ವ ಅವರನ್ನ ಮಗ್ಗಲಕ್ಕ ಕುಂದರಿಸಿಕೊಂಡಿದ್ಲು.

ಪಡದೆ ಮ್ಯಾಲ ನಾ ಚೀರಿದೆ, ಮಂದಿ ನಕ್ಕರು. ಅಜ್ಜಿ ಹೆರಳು ಹಾಕಿದ್ಲು, ಹೊಟ್ಟಿ ಹಿಡಕೊಂಡು ನಕ್ಕರು. ಹುಡುಗಿ ಮಾರಿ ಸಣ್ಣದಾತು. ಅವರವ್ವ ‘ಸಾಕು, ತಾ ಮೊಬೈಲ್’ ಅಂತ ಕೈ ಚಾಚಿದ್ಲು.

ಅಷ್ಟರಾಗ ಅಜ್ಜಿ ಜಂಪರ್ ಪೀಸ್ ತಗದ್ಲು. ಪಡದೆ ತುಂಬ ನವಿಲು.

‘ಅಯ್ಯಯ್ಯವ್ವಾ!’ ಹುಡುಗಿ ಅವ್ವ ಚಿಟ್ಟನ ಚೀರಿ ಕುರ್ಚಿ ಬಿಟ್ಟು ಎದ್ಲು. ಕನ್ಯಾ ನೋಡಾಕ ಬಂದಾಗ ವರನ ತಾಯಿ ಈಕಿಗೆ ಕೊಟ್ಟ ಪೀಸ್ ಅದು! ಈಕಿ ಸುದ್ದಿಲ್ಲದ ಅಜ್ಜಿಗೆ ದಾಟಿಸಿದ್ಲು.

‘ಅವ್ವ ಹೆದರಿದ್ಲು! ನಾ ಗೆದ್ನಿ!’ ಹುಡುಗಿ ಕುಣದ್ಲು.

ಅವ್ವ ಚಾಚಿದ ಕೈಲೇ ಮಾರಿ ಮುಚ್ಚಿಕೊಂಡ್ಲು. ‘ಎಷ್ಟ ಬೇಕ ಅಷ್ಟ ಪಿಚ್ಚರ್ ಮಾಡ ಮಾರಾಯ್ತಿ, ಮದಲ ಇದನ್ನ ಬಂದ್ ಮಾಡು!’

ವರನ ತಾಯಿ ಆಕಿ ಬೆನ್ನ ಸವರಿದ್ರು.

‘ಹೆದರಬ್ಯಾಡ್ರಿ ಅಕ್ಕಾರ, ನನಗೂ ಅದನ್ನ ಯಾರೋ ಕೊಟ್ಟಿದ್ರು. ಪಿಚ್ಚರ್ ನಿಂದರಸಬ್ಯಾಡ್ರಿ, ದೆವ್ವ ಯಾರಿಗೆ ದಾಟಸ್ತೈತಿ ನೋಡೂಣು.’